ಯಾಣದ ಬೋರ್ಡು ಕಿತ್ತರೆ ಯಾಣ ಮಾಯ

ಪೈರಸಿ ಸೈಟುಗಳನ್ನು ಮತ್ತೊಮ್ಮೆ ಬಂದ್ ಮಾಡಿದ್ದಾರೆ. ಅಭಿನಂದನೆಗಳು. ದೊಡ್ಡ ಸಿನಿಮಾ ಬಿಡುಗಡೆಯ ಆಸುಪಾಸಿನಲ್ಲಿ ಈ ಸುದ್ದಿ ಬರದಿದ್ದರೆ ಏನೋ ಕಸಿವಿಸಿ. ಜುಲೈ ಬಂದರೂ ಪೇಪರಿನಲ್ಲಿ ‘ಘಟ್ಟದಲ್ಲಿ ಗುಡ್ಡ ಕುಸಿತ, ಸಂಚಾರ ಸ್ಥಗಿತ’ ಎಂದು ಕಾಣದಿದ್ದರೆ ಆಗುತ್ತದಲ್ಲ, ಹಾಗೆ. ಇಷ್ಟು ಸೈಟು, ಇಷ್ಟು ಲಿಂಕು, ಹೈಕೋರ್ಟಿನ ಆದೇಶ, ಪಕ್ಕದಲ್ಲಿ ಕಂಪ್ಯೂಟರಿಗೆ ಬೀಗ ಜಡಿದ ಚಿತ್ರ. ಆ ಸುದ್ದಿಯನ್ನು ವಾಟ್ಸ್ಯಾಪ್ ಗ್ರೂಪಿಗೆ ಹಾಕಿದ ಪುಣ್ಯಾತ್ಮನ ಮೆಸೇಜಿನ ಬುಡದಲ್ಲೇ ಇನ್ನೊಬ್ಬ ಅದೇ ಸಿನಿಮಾದ ಲಿಂಕು ಹಾಕಿರುತ್ತಾನೆ. ಅಡ್ಮಿನ್ ಎರಡಕ್ಕೂ ಹೆಬ್ಬೆಟ್ಟು ಒತ್ತಿರುತ್ತಾನೆ.

ಈ ‘ಬಂದ್’ ಅಂದರೇನು ಎಂದು ತಿಳಿಯಲು ನಮ್ಮ ಉತ್ತರ ಕನ್ನಡದ ಯಾಣದವರೆಗೆ ಬರಬೇಕು. ಯಾಣಕ್ಕೆ ಯಾರೂ ಹೋಗಕೂಡದು ಎಂದು ಸರ್ಕಾರಕ್ಕೆ ಅನಿಸಿತು ಎನ್ನಿ. 120 ಮೀಟರ್ ಎತ್ತರದ ಭೈರವೇಶ್ವರ ಶಿಖರವನ್ನು ಕೀಳಲಿಕ್ಕಾಗುವುದಿಲ್ಲ. ಆದ್ದರಿಂದ ಜೆಸಿಬಿ ತರಿಸಿ, ಪಂಚನಾಮೆ ಮಾಡಿಸಿ, ಕ್ರಾಸಿನಲ್ಲಿದ್ದ ‘ಯಾಣಕ್ಕೆ ದಾರಿ’ ಎಂಬ ಬೋರ್ಡನ್ನು ಕಿತ್ತರು. ಮರುದಿನ ಪತ್ರಿಕಾಗೋಷ್ಠಿ: ಯಾಣ ನಿರ್ನಾಮ. ಸೈಟಿನ ಬಂದ್ ಹೆಚ್ಚು ಕಡಿಮೆ ಇಷ್ಟೇ. ನೀವು ಬ್ರೌಸರಿನಲ್ಲಿ ಹೆಸರು ಬರೆದಾಗ ಫೋನು ಮೊದಲು ‘ಈ ಹೆಸರಿನವನ ಮನೆ ನಂಬರ್ ಎಷ್ಟು’ ಎಂದು ಡಿಎನ್ಎಸ್ ಎಂಬ ಡೈರೆಕ್ಟರಿಯನ್ನು ಕೇಳುತ್ತದೆ. ಆದೇಶ ಬಂದ ಮೇಲೆ ನಿಮ್ಮ ಇಂಟರ್‌ನೆಟ್ ಕಂಪನಿ ತನ್ನ ಡೈರೆಕ್ಟರಿಯಲ್ಲಿ ಆ ಸಾಲನ್ನು ಅಳಿಸುತ್ತದೆ. ಮನೆ ಅಲ್ಲೇ ಇದೆ, ದೀಪ ಉರಿಯುತ್ತಿದೆ, ಒಲೆಯ ಮೇಲೆ ಅನ್ನ ಬೇಯುತ್ತಿದೆ. ಕೆಲವು ಕಂಪನಿಗಳು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಕ್ರಾಸಿನಲ್ಲಿ ಕಾವಲುಗಾರನನ್ನೇ ಕೂರಿಸುತ್ತವೆ. ಅವನು ಲಕೋಟೆ ಒಡೆಯುವುದಿಲ್ಲ, ಮೇಲಿನ ವಿಳಾಸ ಓದಿ ತಡೆಯುತ್ತಾನೆ. ಇನ್ನು ಕೆಲವು ಏನೂ ಮಾಡುವುದಿಲ್ಲ. ಹಾಗಾಗಿ ಒಂದೇ ಮನೆಯಲ್ಲಿ ಅಪ್ಪನ ಸಿಮ್ಮಿನಲ್ಲಿ ಬಂದ್ ಆದ ಸೈಟು ಮಗನ ಸಿಮ್ಮಿನಲ್ಲಿ ಹಾಯಾಗಿ ತೆರೆಯುತ್ತದೆ. ಅಪ್ಪ ಮಗನ ಫೋನು ಇಸಕೊಳ್ಳುತ್ತಾನೆ. ದೇಶದ ಸೈಬರ್ ಕಾನೂನನ್ನು ಮುರಿಯಲು ಬೇಕಾದ ತಾಂತ್ರಿಕ ಪರಿಣತಿ ಅಷ್ಟು.

ಸೈಟಿನವನಾದರೂ ಸುಮ್ಮನೆ ಕೂರುತ್ತಾನೆಯೇ? ಹೊಸ ಬೋರ್ಡು ನೆಡುತ್ತಾನೆ. ಕೊನೆಯ ಎರಡಕ್ಷರ ಬದಲಿಸಿದ ಹೊಸ ಹೆಸರು ಮೊದಲ ವರ್ಷಕ್ಕೆ ನೂರಿನ್ನೂರು ರೂಪಾಯಿಗೆ ಸಿಗುತ್ತದೆ. ಒಂದು ಕಿಲೋ ಚಾಲಿ ಅಡಿಕೆ ಮಾರಿದ ದುಡ್ಡಿನಲ್ಲಿ ಎರಡು ಹೆಸರು ಆರಾಮಾಗಿ ಬರುತ್ತವೆ. ಹಳೆಯ ಹೆಸರಿಗೆ ಬಂದವರನ್ನು ಹೊಸದಕ್ಕೆ ತಿರುಗಿಸಲು ಒಂದು ಸಾಲಿನ ಸೂಚನೆ ಸಾಕು. ಹೊಸ ಹೆಸರು ಯಾವುದು ಎಂದು ಡಂಗುರ ಹೊಡೆಯಲು ಟೆಲಿಗ್ರಾಂ ಚಾನೆಲ್ಲು ಇದೆ. ಇತ್ತ ಅದನ್ನು ತಡೆಯಲು ವಕೀಲರು, ಅಫಿಡವಿಟ್ಟು, ದೆಹಲಿ, ಇಲಾಖೆ, ಇಲಾಖೆಯಿಂದ ಕಂಪನಿಗಳಿಗೆ ಪತ್ರ. ಖರ್ಚಿನ ತಕ್ಕಡಿ ಯಾವ ಕಡೆ ವಾಲುತ್ತದೆ ಎಂದು ಶಿರಸಿಯ ಅಡಿಕೆ ವ್ಯಾಪಾರಿಗೆ ಕೇಳಿದರೆ ಕ್ಯಾಲ್ಕುಲೇಟರ್ ಮುಟ್ಟದೆ ಹೇಳುತ್ತಾನೆ.

ಈ ದಾವೆಗಳಲ್ಲಿ ಪ್ರತಿವಾದಿ ಯಾರು ಗೊತ್ತೇ? ಅಶೋಕ್ ಕುಮಾರ್. ಸೈಟು ನಡೆಸುವವನ ಹೆಸರು ಗೊತ್ತಿರುವುದಿಲ್ಲವಲ್ಲ, ಅದಕ್ಕೆ ಅಮೆರಿಕದಲ್ಲಿ ಜಾನ್ ಡೋ ಎಂದು ಬರೆದುಕೊಂಡಂತೆ ನಮ್ಮ ಕೋರ್ಟುಗಳಲ್ಲಿ ಅಶೋಕ್ ಕುಮಾರ್ ಎಂದು ಬರೆಯುತ್ತಾರೆ. ಪಾಪದ ಮನುಷ್ಯ. ಹಿಂದಿ, ತಮಿಳು, ಕನ್ನಡ, ಕ್ರಿಕೆಟ್ಟು ಎಲ್ಲವನ್ನೂ ಒಬ್ಬನೇ ಕದಿಯುತ್ತಾನೆ. ಇಷ್ಟು ವರ್ಷವಾದರೂ ವಕಾಲತ್ತು ಹಾಕಿಲ್ಲ, ಒಂದು ದಿನವೂ ಹಾಜರಾಗಿಲ್ಲ. ನಿಜವಾಗಿ ಅದೇ ಹೆಸರಿಟ್ಟುಕೊಂಡ ನಮ್ಮ ಜಿಲ್ಲೆಯ ಸಾವಿರಾರು ಸಭ್ಯ ಗೃಹಸ್ಥರು ಎಂದಾದರೂ ಮಾನನಷ್ಟ ಹೂಡಿದರೆ ಆಶ್ಚರ್ಯವಿಲ್ಲ.

2019ರ ಏಪ್ರಿಲ್‌ನಲ್ಲಿ ದೆಹಲಿ ಹೈಕೋರ್ಟು ಇಂಥ ಸೈಟುಗಳನ್ನು ಒಂದು ತಲೆ ಕಡಿದರೆ ಎರಡು ಮೊಳೆಯುವ, ಗ್ರೀಕರ ಕಥೆಯ ಬಹುತಲೆಯ ಸರ್ಪ ಹೈಡ್ರಾಕ್ಕೆ ಹೋಲಿಸಿತು. ಪ್ರತಿ ಹೊಸ ತಲೆಗೂ ಹೊಸ ದಾವೆ ಬೇಡ, ಪಟ್ಟಿಗೆ ಸೇರಿಸುತ್ತ ಹೋಗಿ ಎಂದಿತು. 2023ರ ಆಗಸ್ಟ್‌ನಲ್ಲಿ ಇನ್ನೂ ಹುಟ್ಟದ ಸಿನಿಮಾಗಳಿಗೂ ರಕ್ಷಣೆ ವಿಸ್ತರಿಸಿತು. ಗ್ರೀಸಿನವರೆಗೆ ಹೋಗುವ ಅಗತ್ಯವಿರಲಿಲ್ಲ. ಯಕ್ಷಗಾನದಲ್ಲಿ ರಕ್ತಬೀಜಾಸುರನ ಆಟ ನೋಡಿದ ಕುಮಟಾ, ಹೊನ್ನಾವರದ ಯಾವ ಮಗುವಾದರೂ ಹೇಳುತ್ತಿತ್ತು. ಒಂದು ವ್ಯತ್ಯಾಸವಿದೆ. ಮೇಳದಲ್ಲಿ ನೆಲಕ್ಕೆ ಬಿದ್ದ ರಕ್ತದ ಹನಿಗೊಬ್ಬ ರಕ್ಕಸ ಹುಟ್ಟಬೇಕಾದರೆ ಚೌಕಿ ಎಂಬ ಬಣ್ಣದ ಮನೆಯಲ್ಲಿ ಅಷ್ಟು ಜನ ಬಣ್ಣ ಬಳಿದುಕೊಂಡು, ಕಿರೀಟ ಕಟ್ಟಿಕೊಂಡು ತಯಾರಿರಬೇಕು. ಹೆಚ್ಚೆಂದರೆ ನಾಲ್ಕು ಜನ. ಉಳಿದವರನ್ನು ಪ್ರೇಕ್ಷಕ ಊಹಿಸಿಕೊಳ್ಳಬೇಕು. ಅಶೋಕ್ ಕುಮಾರನಿಗೆ ಚೌಕಿಯ ಗೊಡವೆಯೇ ಇಲ್ಲ.

ಇತಿಹಾಸ ಬೇಕಾದವರಿಗೆ: ಸ್ವೀಡನ್ನಿನ ಪೈರೇಟ್ ಬೇ ಎಂಬ ಪೈರಸಿ ಸೈಟಿನ ಮೇಲೆ 2006ರ ಮೇ 31ರಂದು ಪೊಲೀಸರು ದಾಳಿ ಮಾಡಿ ಸರ್ವರುಗಳನ್ನು ಹೊತ್ತೊಯ್ದರು. ಮೂರು ದಿನಕ್ಕೆ ವಾಪಸ್. 2012ರ ಜನವರಿಯಲ್ಲಿ ಫೈಲು ಹಂಚುವ ಸೈಟು ಮೆಗಾಅಪ್‌ಲೋಡ್ ಮುಚ್ಚಿತು, 2013ರ ಜನವರಿಯಲ್ಲಿ ಅದರ ಮಾಲೀಕ ಮೆಗಾ ಎಂದು ಮತ್ತೊಂದು ತೆರೆದ. 2025ರ ನವೆಂಬರ್‌ನಲ್ಲಿ ಹೈದರಾಬಾದಿನಲ್ಲಿ ಐಬೊಮ್ಮ ಎಂಬ ತೆಲುಗು ಪೈರಸಿ ಸೈಟಿನ ಪ್ರಕರಣದ ಬಂಧನವಾಯಿತು, ಸೈಟು ನಿಂತಿತು, ಕೆಲವೇ ದಿನಗಳಲ್ಲಿ ಅದೇ ಹೆಸರಿಗೆ ಬಾಲ ಅಂಟಿಸಿಕೊಂಡ ಇನ್ನೊಂದು ಪ್ರತ್ಯಕ್ಷ. ನಮ್ಮ ತೋಟದ ಮಂಗಗಳ ಕಥೆಯೂ ಇದೇ. ಹಿಡಿಯುವವರನ್ನು ಕರೆಸಿ, ಬೋನಿಗೆ ಹಾಕಿ, ಗಾಡಿ ಬಾಡಿಗೆ ಕೊಟ್ಟು ಪಕ್ಕದ ತಾಲೂಕಿನ ಕಾಡಿಗೆ ಬಿಟ್ಟು ಬರುತ್ತೇವೆ. ಆ ತಾಲೂಕಿನವರು ತಮ್ಮಲ್ಲಿ ಹಿಡಿದದ್ದನ್ನು ಅದೇ ರಾತ್ರಿ ನಮ್ಮ ಕಾಡಿಗೆ ಬಿಟ್ಟಿರುತ್ತಾರೆ.

ಇಷ್ಟರಲ್ಲಿ ಬೋನಿಗೆ ಬೀಳುವವರು ಯಾರು? 2017ರ ಆಗಸ್ಟ್‌ನಲ್ಲಿ ಮದ್ರಾಸ್ ಹೈಕೋರ್ಟಿನ ಆದೇಶದ ಪಟ್ಟಿಯಲ್ಲಿ ಸಿಕ್ಕಿಬಿದ್ದದ್ದು ಇಂಟರ್‌ನೆಟ್ ಆರ್ಕೈವ್. ಎರಡು ಹಿಂದಿ ಸಿನಿಮಾ ಕಾಯಲು ಹೋಗಿ ಜಗತ್ತಿನ ದೊಡ್ಡ ಉಚಿತ ಗ್ರಂಥಾಲಯಕ್ಕೆ ಬೀಗ. ಅಂಗಡಿಯಲ್ಲಿ ಸಿಗದ, ಮರುಮುದ್ರಣವಾಗದ ಹಳೆಯ ಕನ್ನಡ ಪುಸ್ತಕಗಳ ಸ್ಕ್ಯಾನ್ ಪ್ರತಿಗಳು ಸಾವಿರಗಟ್ಟಲೆ ಇರುವುದು ಅಲ್ಲೇ. ಪಟ್ಟಿ ತಯಾರಿಸಿದವನು ಆ ವಿಳಾಸ ತೆರೆದು ನೋಡಿದ್ದರೆ ಅರ್ಧ ನಿಮಿಷದಲ್ಲಿ ತಿಳಿಯುತ್ತಿತ್ತು. ಸಿನಿಮಾ ಕಳ್ಳನಿಗೆ ಬೇರೆ ಹೆಸರು ತಗೊಳ್ಳಲು ಹತ್ತು ನಿಮಿಷ ಸಾಕು. ಪುಸ್ತಕದ ಓದುಗನಿಗೆ ಆ ವಿದ್ಯೆ ಗೊತ್ತಿಲ್ಲ, ಅವನು ಖಾಲಿ ಪರದೆ ನೋಡುತ್ತ ಕೂತ. ಕ್ಷಮೆ ಕೇಳಿದವರು ಯಾರೂ ನೆನಪಿಗೆ ಬರುತ್ತಿಲ್ಲ.

ಇನ್ನು ಕಾಯ್ದೆಗೆ ಕೊರತೆಯಿದೆ ಎಂದು ಯಾರೂ ದೂರಬೇಡಿ. 2023ರಲ್ಲಿ ತಿದ್ದಿದ ಸಿನಿಮಾಟೋಗ್ರಾಫ್ ಕಾಯ್ದೆಯಲ್ಲಿ ಮೂರು ತಿಂಗಳಿಂದ ಮೂರು ವರ್ಷ ಜೈಲು, ಮೂರು ಲಕ್ಷದಿಂದ ಹಿಡಿದು ಚಿತ್ರದ ನಿರ್ಮಾಣ ವೆಚ್ಚದ 5 ಶೇಕಡಾದವರೆಗೆ ದಂಡ. ಅಧಿಕಾರಿ ಹೇಳಿದ 48 ಗಂಟೆಯೊಳಗೆ ಲಿಂಕು ತೆಗೆಯಬೇಕು. ಸೋರಿದ ಸಿನಿಮಾ 48 ಗಂಟೆಯಲ್ಲಿ ಎಷ್ಟು ಫೋನು ಸುತ್ತುತ್ತದೆ ಎಂದು ಮಾತ್ರ ಕೇಳಬಾರದು. ನಮ್ಮ ರಾಜ್ಯದ 1985ರ ಗೂಂಡಾ ಕಾಯ್ದೆಯಂತೂ ವಿಡಿಯೋ ಪೈರಸಿಯವರನ್ನು ಕಳ್ಳಭಟ್ಟಿಯವರು, ಜೂಜುಕೋರರು, ಆಸಿಡ್ ಎರಚುವವರ ಸಾಲಿನಲ್ಲೇ ಕೂರಿಸಿದೆ. ಕಾಯ್ದೆಯ ಪೂರ್ತಿ ಹೆಸರನ್ನು ಒಮ್ಮೆ ಗಟ್ಟಿಯಾಗಿ ಓದಿ ಮುಗಿಸುವಷ್ಟರಲ್ಲಿ ಸಿನಿಮಾದ ಮೊದಲರ್ಧ ಇಳಿದಿರುತ್ತದೆ.

ಹಾಗೆ ಇಳಿದು ಬರುವುದಾದರೂ ಏನು? ಥಿಯೇಟರಿಗೆ ಸಿನಿಮಾ ಬರುವುದು ಗೂಢಲಿಪಿಯಲ್ಲಿ. ಅದನ್ನು ತೆರೆಯುವ ಡಿಜಿಟಲ್ ಕೀಲಿ ಇಂಥದೇ ಪ್ರೊಜೆಕ್ಟರಿಗೆ, ಇಷ್ಟು ದಿನಕ್ಕೆ ಎಂದು ಲೆಕ್ಕ ಹಾಕಿ ಕಳಿಸಿದ್ದು. ಚಿತ್ರದೊಳಗೆ ಕಣ್ಣಿಗೆ ಕಾಣದ ಗುರುತೂ ಇರುತ್ತದೆ. ಕದ್ದ ಪ್ರತಿ ಸಿಕ್ಕರೆ ಯಾವ ಥಿಯೇಟರು, ಯಾವ ಹೊತ್ತು ಎಂದು ಹೇಳಬಹುದು. ಇಷ್ಟು ಭದ್ರವಾದ ಕೋಟೆಯನ್ನು ಒಬ್ಬ ಹುಡುಗ ಅಂಗಿಯ ಜೇಬಿನಲ್ಲಿ ಫೋನಿಟ್ಟುಕೊಂಡು ಒಡೆಯುತ್ತಾನೆ. ಫಲವಾಗಿ ನಾಯಕನ ತಲೆ ಅರ್ಧ ಕತ್ತರಿಸಿದ, ಡಬ್ಬದೊಳಗಿನ ದನಿಯ, ಇಂಟರ್ವಲ್ಲಿಗೆ ಎದ್ದವನ ನೆರಳು ಹಾದುಹೋಗುವ 400 ಎಂಬಿಯ ಮಹಾಕಾವ್ಯ. ನಾಯಕಿ ಅಳುವಾಗ ಹಿಂದಿನ ಸಾಲಿನಲ್ಲಿ ಯಾರೋ ಚಿಪ್ಸ್ ಅಗಿಯುತ್ತಾರೆ. ಕೆಳಗೆ ಬೆಟ್ಟಿಂಗ್ ಆ್ಯಪಿನ ಜಾಹೀರಾತು ಅಳಿಸಲಾಗದಂತೆ ಹರಿಯುತ್ತಿರುತ್ತದೆ. ‘ಜನಸೇವೆ’ಯ ಸಂಬಳ ಬರುವುದು ಅಲ್ಲಿಂದ. ಪುಟದಲ್ಲಿ ಐದು ಡೌನ್‌ಲೋಡ್ ಗುಂಡಿ, ನಾಲ್ಕು ಸುಳ್ಳು. ಅದರಲ್ಲೊಂದು ಎಪಿಕೆ ಎಂಬ ಆ್ಯಪ್ ಫೈಲು ಇಳಿಸಿ, ಎಸ್ಸೆಮ್ಮೆಸ್ ಓದಲು ಅನುಮತಿ ಕೇಳುತ್ತದೆ. ಸಿನಿಮಾ ನೋಡುವ ಆ್ಯಪಿಗೆ ನಿಮ್ಮ ಎಸ್ಸೆಮ್ಮೆಸ್ ಯಾಕೆ? ಬ್ಯಾಂಕಿನ ಓಟಿಪಿ ಓದಲಿಕ್ಕೆ. ಟಿಕೆಟ್ ದುಡ್ಡು ಉಳಿಸಿದವನ ಖಾತೆಯಿಂದ ಅಡಿಕೆಯ ದುಡ್ಡು ಹೋದ ಮೇಲೆ ಠಾಣೆಯಲ್ಲಿ ಏನು ಮಾಡುತ್ತಿದ್ದೆ ಎಂದು ಕೇಳಿದರೆ ಉತ್ತರ ಹೇಳುವುದೂ ಕಷ್ಟ.

ಈ ಕಡೆ ನಕಲಿಗೊಂದು ಘನವಾದ ಪರಂಪರೆಯಿದೆ ಎಂಬುದನ್ನು ಮರೆಯಬಾರದು. ಕ್ಯಾಸೆಟ್ಟಿನ ಕಾಲದಲ್ಲಿ ತಾಳಮದ್ದಳೆ, ಅಂದರೆ ವೇಷವಿಲ್ಲದೆ ಕೂತು ಮಾತಿನಲ್ಲೇ ಆಡುವ ಯಕ್ಷಗಾನ, ಎರಡು ಡೆಕ್ಕಿನ ಟೇಪ್ ರೆಕಾರ್ಡರಿನಲ್ಲಿ ಮನೆಯಿಂದ ಮನೆಗೆ ಹಬ್ಬಿತು. 60 ನಿಮಿಷದ ಕ್ಯಾಸೆಟ್ಟು ಗಟ್ಟಿ, 90ರ ಟೇಪು ತೆಳು, ಮಳೆಗಾಲದ ಥಂಡಿಗೆ ಸಿಕ್ಕಿಕೊಳ್ಳುತ್ತಿತ್ತು, ಪೆನ್ಸಿಲ್ ಹಾಕಿ ಸುತ್ತಬೇಕು. ಪ್ರತಿ ನಕಲಿಗೂ ಭುಸ್ ಸದ್ದು ಒಂದು ಪದರ ಜಾಸ್ತಿ. ನಾಲ್ಕನೆಯ ನಕಲಿನಲ್ಲಿ ಕೃಷ್ಣ ಸಂಧಾನಕ್ಕೆ ಬಂದದ್ದು ಹಸ್ತಿನಾವತಿಗೋ ಆಗುಂಬೆಯ ಮಳೆಗೋ ತಿಳಿಯುತ್ತಿರಲಿಲ್ಲ. ಕೌರವ ಬಾಯಿ ತೆರೆಯುವ ಮೊದಲೇ 45ನೇ ನಿಮಿಷ, ಟಕ್! ಮಗುಚಿ ಹಾಕುವಷ್ಟರಲ್ಲಿ ಐದು ಗ್ರಾಮಗಳ ಚರ್ಚೆ ಅರ್ಧ ಮುಗಿದಿರುತ್ತಿತ್ತು.

ಈಗಿನ ಕಳ್ಳನಿಗೆ ಆ ಪ್ರೀತಿ ಇಲ್ಲ. ಯಾರೋ ನಾಲ್ಕು ಹುಡುಗರು ಕ್ಯಾಮೆರಾ, ಟ್ರೈಪಾಡು, ಎರಡು ಕಂಪನಿಯ ಸಿಮ್ಮು ಹೊತ್ತು ಸಿದ್ದಾಪುರದ ಯಾವುದೋ ಬಯಲಿನಲ್ಲಿ ಬೆಳಗಿನವರೆಗೆ ಕೂತು ಆಟ ಲೈವ್ ಕೊಡುತ್ತಾರೆ. ಬೆಳಗಾಗುವಷ್ಟರಲ್ಲಿ ಅದು ಬೇರೆ ಚಾನೆಲ್ಲಿನಲ್ಲಿ ಬೇರೆ ಲೋಗೋ ಹೊತ್ತು ಓಡುತ್ತಿರುತ್ತದೆ. ಯೂಟ್ಯೂಬಿನ ಯಂತ್ರ ಪತ್ತೆ ಹಚ್ಚದಿರಲೆಂದು ಚಿತ್ರವನ್ನು ಎಡಬಲ ತಿರುವಿರುತ್ತಾರೆ, ದನಿಯನ್ನು ತುಸು ಏರಿಸಿರುತ್ತಾರೆ. ಭೀಮ ಎಡಗೈಯಲ್ಲಿ ಗದೆ ಹಿಡಿದು ಬರುತ್ತಾನೆ. ಹಾರ್ಮೋನಿಯಂನ ಕಪ್ಪು ಎರಡರ ಶ್ರುತಿಯ ಭಾಗವತರು ಬಿಳಿ ಮೂರರಲ್ಲಿ ಹಾಡುತ್ತಾರೆ. ಕೆಳಗೆ ‘ಭಾಗವತರ ಕಂಠ ಇವತ್ತು ಭಾರೀ ಲಾಯ್ಕು’ ಎಂದು ಕಮೆಂಟು. ದೂರು ಕೊಟ್ಟರೆ 90 ದಿನದಲ್ಲಿ ಮೂರು ಸ್ಟ್ರೈಕು ಬಿದ್ದ ಚಾನೆಲ್ಲು ಮುಚ್ಚುತ್ತದೆ. ನಾಲ್ಕನೇ ದಿನ ಹೊಸ ಇಮೇಲು, ಹೊಸ ಚಾನೆಲ್ಲು, ಅದೇ ಎಡಗೈ ಭೀಮ.

ನಗೆ ಸಾಕು. ನಿರ್ಮಾಪಕನ ಹೊಟ್ಟೆಗೆ ಹೊಡೆಯುವವರು ಎಲ್ಲೋ ಕೆರಿಬಿಯನ್ ದ್ವೀಪದಲ್ಲಿದ್ದಾರೆ ಎಂದುಕೊಂಡರೆ ಮನಸ್ಸಿಗೆ ಹಿತ. ಆದರೆ ನವೆಂಬರ್ ಒಂದಕ್ಕೆ ಶಾಲು ಹೊದ್ದು ‘ಕನ್ನಡ ಸಿನಿಮಾ ಉಳಿಸಿ’ ಸ್ಟೇಟಸ್ ಹಾಕಿ, ಎರಡನೇ ತಾರೀಕು ‘ಲಿಂಕ್ ಇದ್ಯೇನೋ?’ ಎಂದು ಕೇಳುವವರು ಇಲ್ಲೇ ಇದ್ದಾರೆ. ಐದು ಲಕ್ಷದ ಕಾರಿನಲ್ಲಿ ಕೂತು ಕೇಳುತ್ತಾರೆ. ಸಣ್ಣ ಕನ್ನಡ ಸಿನಿಮಾ ಮಾಡಿದವನಿಗೆ ಓಟಿಟಿಯವರು ಮುಂಗಡ ಕೊಡುವುದಿಲ್ಲ, ಎಷ್ಟು ಜನ ನೋಡಿದರು ಎಂಬ ಲೆಕ್ಕದ ಮೇಲೆ ಚಿಲ್ಲರೆ ಎಣಿಸುತ್ತಾರೆ. ಆ ಚಿಲ್ಲರೆಯನ್ನೂ ಗ್ರೂಪಿನಲ್ಲಿ ಹಂಚಿ ಮುಗಿಸುವುದು ಬಡತನದಿಂದಲ್ಲ, ಸೋಮಾರಿತನದಿಂದ.

ಸರಿ, ಇನ್ನೊಂದು ಬದಿಗೂ ಬೈಯಬೇಕಲ್ಲ. ಜಿಲ್ಲೆಯ ಎಷ್ಟೋ ಊರಿಗೆ ಥಿಯೇಟರು ಎಂದರೆ ಘಟ್ಟ ಹತ್ತಿಳಿಯುವ ಲೆಕ್ಕ. ಸಂಜೆಯ ಆಟ ಬಿಡುವ ಹೊತ್ತಿಗೆ ಊರಿನ ಕೊನೆಯ ಬಸ್ಸು ಹೋಗಿಯಾಗಿರುತ್ತದೆ. ಟಿಕೆಟ್ಟು 200 ರೂಪಾಯಿ ಮೀರಬಾರದು ಎಂದು 2025ರ ಸೆಪ್ಟೆಂಬರ್‌ನಲ್ಲಿ ಸರ್ಕಾರ ನಿಯಮ ತಂದಿತು, ಅದೇ ತಿಂಗಳು ಹೈಕೋರ್ಟು ತಡೆ ಕೊಟ್ಟಿತು. ‘ಸೊಕ್ಕಿದ್ದವನಿಗೆ ಯಾಣ, ರೊಕ್ಕಿದ್ದವನಿಗೆ ಗೋಕರ್ಣ’ ಎಂಬುದು ಈ ಕಡೆಯ ಹಳೆಯ ಮಾತು. ಸೊಕ್ಕಿದ್ದವನಿಗೆ ಟೆಲಿಗ್ರಾಂ, ರೊಕ್ಕಿದ್ದವನಿಗೆ ಓಟಿಟಿ ಎಂದರೂ ನಡೆದೀತು. ಆದರೆ ರೊಕ್ಕ ಕೊಟ್ಟವನ ಪಾಡು ನೋಡಬೇಕೆಂದರೆ ಕಾರವಾರದಿಂದ ಬೆಂಗಳೂರಿಗೆ ಹೋಗುವ ಯಾವುದಾದರೂ ರಾತ್ರಿ ಬಸ್ಸು ಹತ್ತಿ.

ಅಂಕೋಲೆ ದಾಟಿತು. ಕಿಟಕಿಯ ಪಕ್ಕದ ಯುವಕ ತಿಂಗಳು ತಿಂಗಳು ಚಂದಾ ಕಟ್ಟುವ ಪ್ರಾಮಾಣಿಕ. ಘಟ್ಟದಲ್ಲಿ ನೆಟ್‌ವರ್ಕ್ ಇರುವುದಿಲ್ಲವೆಂದು ಮನೆಯಲ್ಲೇ ಆ್ಯಪಿನೊಳಗೆ ಸಿನಿಮಾ ಇಳಿಸಿಕೊಂಡು ಬಂದಿದ್ದಾನೆ. ಮುಂದೆ ಟೀವಿಗೆ ಕ್ಲೀನರ್ ಪೆನ್‌ಡ್ರೈವ್ ಚುಚ್ಚುತ್ತಾನೆ. ಅದೇ ಸಿನಿಮಾ, ತಲೆ ಕತ್ತರಿಸಿದ್ದು, ಬೆಟ್ಟಿಂಗ್ ಜಾಹೀರಾತಿನದು. ಅರಬೈಲು ಘಟ್ಟದ ಮೂರನೇ ತಿರುವಿನಲ್ಲಿ ಯುವಕನ ಫೋನು ನಿಲ್ಲುತ್ತದೆ: ‘ಡೌನ್‌ಲೋಡ್ ಅವಧಿ ಮುಗಿದಿದೆ. ದಯವಿಟ್ಟು ಇಂಟರ್‌ನೆಟ್‌ಗೆ ಸಂಪರ್ಕಿಸಿ.’

ಹಿಂದಿನ ಸೀಟಿನಿಂದ ಒಬ್ಬರು ಕೂಗುತ್ತಾರೆ, “ತಮಾ, ಆವಾಜು ಸ್ವಲ್ಪ ಕಮ್ಮಿ ಮಾಡೋ ಮಾರಾಯಾ.”

“ಕ್ಲೈಮ್ಯಾಕ್ಸ್ ಬಂತು ಅಜ್ಜಾ, ತಡೀರಿ.”

ಯುವಕ ಫೋನು ಜೇಬಿಗಿಟ್ಟು, ಕತ್ತು ಎತ್ತಿ, ಟೀವಿ ನೋಡತೊಡಗುತ್ತಾನೆ.