ಇವರಿಗೆ ಕುರ್ಚಿ, ನಮ್ಮತ್ತೆಗೆ ಫ್ರೀಡಂ ಪಾರ್ಕ್

ಮಗಳ ನರ್ಸರಿ ಬಿಲ್ಲು ಬಂದ ದಿನ ನಮ್ಮನೆಯಲ್ಲಿ ಒಂದು ಸಣ್ಣ ಜಗಳ ಗ್ಯಾರಂಟಿ. ಇಂಗ್ಲೆಂಡಿನಲ್ಲಿ ಮೂರು ದಾಟಿದ ಎಲ್ಲ ಮಕ್ಕಳಿಗೂ ವಾರಕ್ಕೆ 15 ಗಂಟೆ ಉಚಿತ, ಅಪ್ಪ ಅಮ್ಮ ಇಬ್ಬರೂ ದುಡಿಯುತ್ತಿದ್ದರೆ 30 ಗಂಟೆ. 2025ರ ಸೆಪ್ಟೆಂಬರಿನಿಂದ ಅಂಥ ಮನೆಯ ಒಂಬತ್ತು ತಿಂಗಳ ಕೂಸಿಗೂ 30 ಗಂಟೆ. ಕೇಳೋಕೆ ಚೆಂದ. ಆದರೆ ಅದು ವರ್ಷದಲ್ಲಿ 38 ವಾರಕ್ಕೆ ಮಾತ್ರ. ಊಟಕ್ಕೆ ಬೇರೆ, ಕ್ರೀಮು ನ್ಯಾಪಿಗೆ ಬೇರೆ, ಹೀಗೆ "ಉಚಿತ" ಅನ್ನೋ ಸಾಲಿನ ಕೆಳಗೇ ಪೌಂಡುಗಳ ಮೆರವಣಿಗೆ.

ಕಳೆದ ತಿಂಗಳು ತಡೆಯಲಾರದೆ ನರ್ಸರಿ ಮ್ಯಾನೇಜರನ್ನು ಕೇಳಿಯೇಬಿಟ್ಟೆ. ಆಕೆ ಬೇಜಾರು ಮಾಡಿಕೊಳ್ಳಲಿಲ್ಲ. ಎರಡು ವರ್ಷದೊಳಗಿನ ಮೂರು ಮಕ್ಕಳಿಗೆ ಒಬ್ಬರು ಇರಲೇಬೇಕು, ಅದು ನಿಯಮ, ಆ ಉಚಿತ ಗಂಟೆಗಳಿಗೆ ಕೌನ್ಸಿಲ್ (ಇಲ್ಲಿನ ಸ್ಥಳೀಯ ಆಡಳಿತ) ಕೊಡುವ ರೇಟಿನಲ್ಲಿ ಅವರ ಸಂಬಳವೇ ಹುಟ್ಟಲ್ಲ ಅಂದರು. ಆಮೇಲೆ ತೀರಾ ಮಾಮೂಲಿ ವಿಷಯ ಅನ್ನೋ ಹಾಗೆ, "ನಾಳೆ ಸ್ಕೂಲ್ಸ್ ಫೋರಮ್ ಮೀಟಿಂಗ್ ಇದೆ, ಅಲ್ಲಿ ಇದನ್ನೇ ಹೇಳ್ತೀನಿ, ಬರೋದಾದ್ರೆ ಬನ್ನಿ, ಯಾರು ಬೇಕಾದರೂ ಕೂತು ನೋಡಬಹುದು" ಅಂದರು.

ಹೋದೆ. ಇಲ್ಲಿನ ಕೌನ್ಸಿಲ್‌ಗಳಿಗೆ ಇಂಥದೊಂದು ಫೋರಮ್ ಇರುತ್ತದೆ, ವರ್ಷಕ್ಕೆ ಕನಿಷ್ಠ ನಾಲ್ಕು ಸಲ ಸೇರಬೇಕು, ಶಿಕ್ಷಣದ ದುಡ್ಡು ಹೇಗೆ ಹಂಚೋದು ಅಂತ ಮಾತಾಡಬೇಕು. ಖಾಸಗಿ ನರ್ಸರಿ, ಪ್ಲೇಗ್ರೂಪ್ ಇಂಥವರ ಪರವಾಗಿ ಕನಿಷ್ಠ ಒಬ್ಬರು ಅಲ್ಲಿ ಇರಬೇಕು ಅಂತ 2012ರ ನಿಯಮದಲ್ಲೇ ಇದೆ. ನಮ್ಮ ಮ್ಯಾನೇಜರ್ ಆ ಒಬ್ಬರು. ಹೆಡ್‌ಮಾಸ್ಟರುಗಳ ಸಾಲಿನ ಕೊನೆಯಲ್ಲಿ ಕೂತಿದ್ದರು, ಎದುರಿಗೆ ಹೆಸರಿನ ಬೋರ್ಡು.

ಲೆಕ್ಕದ ಅಧಿಕಾರಿ ಏನೋ ಓದುತ್ತಿದ್ದಾಗ ಈಕೆ ಕೈಯೆತ್ತಿ, ಈ ಅಂಕಿ ಹೋದ ಸಲದ್ದಕ್ಕೆ ಹೊಂದುತ್ತಿಲ್ಲವಲ್ಲ ಅಂದರು. ಆತ ಹಾಳೆ ತಿರುವಿದ, ಕೆಮ್ಮಿದ, ಉತ್ತರ ಕೊಟ್ಟ. ನನ್ನ ಕಣ್ಣು ಅಲ್ಲೇ ನಿಂತುಬಿಟ್ಟಿತು. ಪುಟ್ಟ ಮಕ್ಕಳ ಮೂಗು ಒರೆಸೋ ಹೆಂಗಸು ಕೇಳ್ತಾಳೆ, ಟೈ ಕಟ್ಟಿದ ಅಧಿಕಾರಿ ಉತ್ತರ ಹೇಳ್ತಾನೆ! ಅದೂ ಅವನಿಗೆ ಅಲ್ಲಿ ಮಾತಾಡೋಕೆ ಮಾತ್ರ ಅವಕಾಶ, ಓಟಿಲ್ಲ. ಓಟು ಇರೋದು ಈಕೆಗೆ. 2025-26ರಲ್ಲಿ ಸರ್ಕಾರದಿಂದ ಈ ಮಕ್ಕಳ ಹೆಸರಲ್ಲಿ ಬಂದ ದುಡ್ಡಿನಲ್ಲಿ ನೂರಕ್ಕೆ 96ರಷ್ಟನ್ನಾದರೂ ಕೌನ್ಸಿಲ್ ನರ್ಸರಿಗಳಿಗೆ ದಾಟಿಸಲೇಬೇಕಿತ್ತು. ಮಿಕ್ಕಿದ್ದನ್ನು ತಾನು ಇಟ್ಟುಕೊಳ್ಳಬೇಕಾದರೂ ಈ ಫೋರಮ್ ಹೂಂ ಅನ್ನಬೇಕು.

ನನಗೆ ಹೊಟ್ಟೆ ಉರಿಯಿತು, ಸುಳ್ಳು ಯಾಕೆ ಹೇಳಲಿ.

ನಮ್ಮತ್ತೆ, ಅಂದರೆ ಅಪ್ಪನ ತಂಗಿ, ಅರಸೀಕೆರೆ ಕಡೆ ಒಂದು ಹಳ್ಳಿಯಲ್ಲಿ ಅಂಗನವಾಡಿ ಟೀಚರ್ ಆಗಿದ್ದರು. ಇಪ್ಪತ್ತೇಳು ವರ್ಷ. ಮಕ್ಕಳಿಗೆ ಹಾಡು ಹೇಳಿಸೋದು, ತೂಕ ಹಾಕೋದು, ಬಸುರಿ ಬಾಣಂತಿಯರ ಲೆಕ್ಕ, ಪೋಲಿಯೋ ಹನಿ, ಓಟರ್ ಲಿಸ್ಟು, ಯಾವ ಸರ್ವೆ ಬಂದರೂ ಮೊದಲು ನೆನಪಾಗೋದು ಇವರೇ. ಮೊಟ್ಟೆ ದುಡ್ಡು ಮೂರು ತಿಂಗಳಾದರೂ ಬರದೆ ಅಂಗಡಿಯವನಿಗೆ ಕೈಯಿಂದ ಕೊಟ್ಟು, ಆಮೇಲೆ ಸೂಪರ್‌ವೈಸರ್ ಹತ್ರ ಬೈಸಿಕೊಂಡಿದ್ದಾರೆ. ಬಾಲವಿಕಾಸ ಸಮಿತಿ ಇತ್ತು, ಇಲ್ಲ ಅನ್ನಲ್ಲ. ಅಲ್ಲಿ ಸೈನ್ ಹಾಕುತ್ತಿದ್ದರು. ಆದರೆ ಒಂದು ಮೊಟ್ಟೆಗೆ ಎಷ್ಟು ಕೊಡಬೇಕು ಅಂತ ತೀರ್ಮಾನ ಆಗುವ ಟೇಬಲ್ಲಿನ ಹತ್ತಿರಕ್ಕೆ ಅತ್ತೆಯನ್ನು ಯಾರೂ ಕರೆಯಲಿಲ್ಲ. ಕೊಡೋದನ್ನ ಸಂಬಳ ಅಂತಲೂ ಅನ್ನಲ್ಲ, ಗೌರವಧನವಂತೆ. ಗೌರವ ಎಷ್ಟಿತ್ತು ಅಂತ ತಾಲ್ಲೂಕು ಆಫೀಸಿನ ಬಾಗಿಲಲ್ಲಿ ಅತ್ತೆ ನಿಂತಿದ್ದನ್ನು ನೋಡಿದ ನನಗೆ ಗೊತ್ತು.

ಅವರು ಮಾತಾಡಿದ್ದು ಒಂದೇ ಕಡೆ, ಬೆಂಗಳೂರಿನ ರಸ್ತೆಯಲ್ಲಿ. 2017ರ ಮಾರ್ಚಿನಲ್ಲಿ ಸಾವಿರಾರು ಅಂಗನವಾಡಿ ಹೆಂಗಸರು ಫ್ರೀಡಂ ಪಾರ್ಕ್ ಹತ್ತಿರ ಡಾಂಬರಿನ ಮೇಲೆ ರಾತ್ರಿ ಮಲಗಿದ್ದರಲ್ಲ, ಅದರಲ್ಲಿ ಅತ್ತೆಯೂ ಇದ್ದರು. ಟ್ರಾಫಿಕ್ ಜಾಮ್ ಅಂತ ಆಗ ನನ್ನ ಆಫೀಸಿನವರೆಲ್ಲ ಗೊಣಗಿದ್ದರು. ನಾನೂ ಗೊಣಗಿದ್ದೆ, ಅತ್ತೆ ಅಲ್ಲಿದ್ದಾರೆ ಅಂತ ಗೊತ್ತಾಗುವವರೆಗೆ. 2024ರಲ್ಲಿ ಸರ್ಕಾರಿ ಶಾಲೆಗಳಲ್ಲಿ ಎಲ್‌ಕೆಜಿ ಶುರು ಮಾಡ್ತೀವಿ ಅಂತ ಸರ್ಕಾರ ಅಂದಾಗ, ನಮ್ಮ ಮಕ್ಕಳೆಲ್ಲ ಅಲ್ಲಿಗೆ ಹೋಗಿಬಿಡ್ತಾರೆ ಅಂತ ಮತ್ತೆ ಅದೇ ಪಾರ್ಕು. 1975ರಲ್ಲಿ ದೇಶದ 33 ಕಡೆ ಈ ಅಂಗನವಾಡಿ ಯೋಜನೆ ಶುರುವಾದಾಗ ನಮ್ಮ ಟಿ. ನರಸೀಪುರವೂ ಅದರಲ್ಲಿತ್ತು. ಐವತ್ತು ವರ್ಷ ಆಯ್ತು ಸ್ವಾಮಿ, ಒಂದು ಕುರ್ಚಿ ಹಾಕೋಕೆ ಇನ್ನೆಷ್ಟು ವರ್ಷ ಬೇಕು?

ಇಷ್ಟು ಬರೆದು ಮುಗಿಸೋಣ ಅಂತಿದ್ದೆ. ಆದರೆ ಮೀಟಿಂಗು ಹೇಗೆ ಮುಗಿಯಿತು ಅಂತಲೂ ಹೇಳಬೇಕಲ್ಲ. ಎರಡು ಗಂಟೆಯಲ್ಲಿ ನರ್ಸರಿ ವಿಷಯ ಬಂದಿದ್ದು ಹದಿನೈದೇ ನಿಮಿಷ. ಮಿಕ್ಕಿದ್ದೆಲ್ಲ ದೊಡ್ಡ ಶಾಲೆಗಳದ್ದು. ಯಾಕೆಂದರೆ ಮೂರರಲ್ಲಿ ಎರಡು ಪಾಲು ಕುರ್ಚಿ ಅವರದ್ದೇ, ಅದೂ ನಿಯಮವೇ. ದುಡ್ಡು ಎಷ್ಟು ಅಂತ ತೀರ್ಮಾನ ಮಾಡೋದು ಲಂಡನ್ನು. ಅದನ್ನು ಗಂಟೆಗೆ ಇಷ್ಟು ಅಂತ ಹಂಚುವ ಸೂತ್ರ ಕೊನೆಗೆ ಕೌನ್ಸಿಲಿನದ್ದೇ, ಅದಕ್ಕೆ ಫೋರಮ್ ಸಲಹೆ ಕೊಡಬಹುದು ಅಷ್ಟೇ. ಮನೆಯಲ್ಲೇ ನಾಲ್ಕೈದು ಮಕ್ಕಳನ್ನು ನೋಡಿಕೊಳ್ಳುವ ಚೈಲ್ಡ್‌ಮೈಂಡರ್ ಒಬ್ಬರೂ ಆ ರೂಮಿನಲ್ಲಿ ನನಗೆ ಕಾಣಲಿಲ್ಲ. ನಮ್ಮ ಮ್ಯಾನೇಜರ್ ಹೊರಗೆ ಬಂದು ಕಾರಿನ ಹತ್ತಿರ ನಿಂತು, "ಮಿನಿಟ್ಸ್‌ನಲ್ಲಿ ನನ್ನ ಮಾತು ಇರುತ್ತೆ, ಅಷ್ಟೇ" ಅಂತ ನಕ್ಕರು. ನನ್ನ ಬಿಲ್ಲು ಒಂದು ಪೆನ್ನಿಯೂ ಇಳಿಯಲಿಲ್ಲ. ಅತ್ತ ರಸ್ತೆಯಲ್ಲಿ ಮಲಗಿದವರ ಗೌರವಧನ ಆಮೇಲೆ ಏರಿತು, ಎಲ್‌ಕೆಜಿಯನ್ನು ಅಂಗನವಾಡಿಯಲ್ಲೇ ಮಾಡೋಣ ಅಂತಲೂ ಸರ್ಕಾರ ಒಪ್ಪಿತು. ಇದನ್ನು ಬರೆಯೋಕೆ ನನಗೆ ಅಷ್ಟೇನೂ ಇಷ್ಟ ಇಲ್ಲ, ಆದರೂ ಇರಲಿ.

ಭಾನುವಾರ ಅತ್ತೆಗೆ ಫೋನ್ ಮಾಡಿ ಎಲ್ಲ ವರದಿ ಒಪ್ಪಿಸಿದೆ. ಸುಮ್ನೆ ಕೇಳಿಸಿಕೊಂಡರು. ಕುರ್ಚಿಯ ವಿಷಯಕ್ಕೆ ಹೂಂ ಅಂದರು, ಓಟಿನ ವಿಷಯಕ್ಕೂ ಹೂಂ ಅಂದರು.

"ಅದಿರಲಿ ಕಣೋ, ಮಗೂಗೆ ಅಲ್ಲಿ ಮೊಟ್ಟೆ ಕೊಡ್ತಾರಾ?"

"ಕೊಡ್ತಾರೆ ಅತ್ತೆ. ಬಿಲ್ಲಿಗೆ ಸೇರಿಸ್ತಾರೆ."

"ಅಯ್ಯೋ!" ಅಂದರು.