ದ್ವೀಪದ ಜನಕ್ಕೆ ಸ್ವಂತ ಆಡಳಿತ ಬೇಡವಾಗಿತ್ತೇ? ಸ್ಯಾಂಡೋಯ್ ವಿಲೀನದ ಪರ-ವಿರೋಧ

ನಾರ್ವೆಯ ಪಶ್ಚಿಮ ಕರಾವಳಿಯಲ್ಲಿ, ಓಲೆಸುಂಡ್ ಪಟ್ಟಣದಿಂದ ಉತ್ತರಕ್ಕೆ, ತೆರೆದ ಸಮುದ್ರಕ್ಕೆ ಎದೆಯೊಡ್ಡಿ ನಿಂತ ಒಂದಷ್ಟು ದ್ವೀಪಗಳಿವೆ. ಹಾರೋಯಾ, ಫಿನ್ನೋಯಾ, ಸ್ಯಾಂಡೋಯಾ, ಓನಾ. ಇವೆಲ್ಲ ಸೇರಿ ಸ್ಯಾಂಡೋಯ್ ಎಂಬ ಒಂದು ಕಮ್ಯೂನ್ ಆಗಿತ್ತು. ಕಮ್ಯೂನ್ ಅಂದರೆ ಅಲ್ಲಿನ ಸ್ಥಳೀಯ ಸರ್ಕಾರ. ಹತ್ತನೇ ತರಗತಿವರೆಗಿನ ಶಾಲೆ, ಡಾಕ್ಟರು, ವಯಸ್ಸಾದವರ ಆರೈಕೆ, ಕುಡಿಯುವ ನೀರು, ಅಗ್ನಿಶಾಮಕ ದಳ, ಎಲ್ಲಿ ಏನು ಕಟ್ಟಬಹುದು ಅನ್ನೋ ತೀರ್ಮಾನ, ಎಲ್ಲವೂ ಅದರ ಕೆಲಸ. ಸ್ಯಾಂಡೋಯ್ ಶುರುವಾಗಿದ್ದು 1867ರಲ್ಲಿ. ಕೊನೆಗಾಲಕ್ಕೆ ಅಲ್ಲಿದ್ದ ಜನ ಸುಮಾರು 1,200. ಆಡಳಿತ ಕೇಂದ್ರ ಹಾರೋಯಾ ದ್ವೀಪದ ಸ್ಟೈನ್ಸ್‌ಹಾಮ್ನ್.

2020ರ ಜನವರಿ 1ಕ್ಕೆ ಈ ಕಮ್ಯೂನ್ ಇಲ್ಲವಾಯಿತು. ಹಾರಾಮ್, ಸ್ಕೂಡ್ಯೆ, ಓರ್ಸ್ಕೋಗ್ ಎಂಬ ಇನ್ನೂ ಮೂರರ ಜೊತೆ ಅದನ್ನು ಓಲೆಸುಂಡ್‌ಗೆ ಸೇರಿಸಲಾಯಿತು. ಇದು ಸರಿಯಾ? ಎರಡು ಕಡೆಯ ವಾದವನ್ನೂ ಪೂರ್ತಿ ಬಲಕೊಟ್ಟು ಬರೆದಿದ್ದೇನೆ. ನನ್ನ ಮನಸ್ಸು ಎತ್ತ ವಾಲುತ್ತದೆ ಅನ್ನೋದು ಓದಿದವರಿಗೆ ಗೊತ್ತಾಗುತ್ತದೆ, ಮುಚ್ಚಿಡುವುದಿಲ್ಲ.

ಪರ: ಸೇರಿಸಿದ್ದೇ ಸರಿ

ನಾರ್ವೆಯಲ್ಲಿ ಕಮ್ಯೂನ್ ಚಿಕ್ಕದಿರಲಿ, ದೊಡ್ಡದಿರಲಿ, ಕಾನೂನು ಹೊರಿಸುವ ಹೊರೆ ಹೆಚ್ಚುಕಡಿಮೆ ಒಂದೇ. ಏಳು ಲಕ್ಷ ಜನರ ಓಸ್ಲೋ ಮಾಡುವ ಕೆಲಸವನ್ನು ಇನ್ನೂರು ಜನರ ಉಟ್ಸಿರಾ ದ್ವೀಪವೂ ಮಾಡಬೇಕು. ಕಾಗದದ ಮೇಲೆ ಇದು ಸಮಾನತೆಯ ಹಾಗೆ ಕಾಣುತ್ತದೆ. ಊರಿನಲ್ಲಿದ್ದು ನೋಡಿದರೆ ಕಷ್ಟ ಗೊತ್ತಾಗುತ್ತದೆ. ಇರುವ ಒಬ್ಬ ಡಾಕ್ಟರು ಬಿಟ್ಟು ಹೋದರೆ ದವಾಖಾನೆಯೇ ನಿಂತ ಹಾಗೆ. ಒಬ್ಬ ಎಂಜಿನಿಯರು ರಜೆ ಹಾಕಿದರೆ ನೀರಿನ ಪೈಪಿನ ಫೈಲು ಮುಂದೆ ಹೋಗುವುದಿಲ್ಲ.

ಎಲ್ಲಕ್ಕಿಂತ ಸೂಕ್ಷ್ಮವಾದದ್ದು ಮಕ್ಕಳ ರಕ್ಷಣೆಯ ಕೆಲಸ. ಒಂದು ಮನೆಯಲ್ಲಿ ಮಗುವಿಗೆ ಹಿಂಸೆಯಾಗುತ್ತಿದೆ ಎಂಬ ದೂರು ಬಂತು ಅಂದುಕೊಳ್ಳಿ. ಆ ಮನೆ ಬಾಗಿಲು ತಟ್ಟಬೇಕಾದ ಅಧಿಕಾರಿ ಪಕ್ಕದ ಮನೆಯವಳು, ಅವಳ ಮಗ ಅದೇ ಕ್ಲಾಸಿನಲ್ಲಿ ಓದುವವನು. ಅವಳಿಗೆ ಧೈರ್ಯ ಇಲ್ಲ ಅಂತಲ್ಲ. ನಾಳೆ ಅಂಗಡಿಯಲ್ಲಿ, ಚರ್ಚಿನಲ್ಲಿ, ದೋಣಿಕಟ್ಟೆಯಲ್ಲಿ ಅದೇ ಮುಖಗಳನ್ನು ನೋಡಬೇಕಲ್ವಾ? ಇಂಥ ಕೆಲಸಕ್ಕೆ ಸ್ವಲ್ಪ ದೂರ ಇರುವುದು ಒಳ್ಳೆಯದು. ಮಗುವಿಗಂತೂ ಒಳ್ಳೆಯದು.

ಕಮ್ಯೂನ್‌ನ ಚುನಾಯಿತ ಸಭೆಯ ಕಥೆಯೂ ಇದೇ. ನಾರ್ವೆಯ 1967ರ ಆಡಳಿತ ಕಾನೂನಿನ ಪ್ರಕಾರ, ತನ್ನ ಅಥವಾ ತನ್ನ ನೆಂಟರ ಹಿತಾಸಕ್ತಿ ಇರುವ ವಿಷಯ ಬಂದರೆ ಸದಸ್ಯರು ಚರ್ಚೆಯಿಂದ ಹೊರಗಿರಬೇಕು. ಮೀನು ಸಾಕಣೆಯ ಪಂಜರಕ್ಕೆ ಜಾಗ ಕೊಡುವ ವಿಷಯ ಬಂತು ಅನ್ನಿ. ಒಬ್ಬರ ಅಣ್ಣ ಆ ಕಂಪನಿಯ ಕೆಲಸಗಾರ, ಇನ್ನೊಬ್ಬರ ಮಾವ ಆ ದಡದ ಜಮೀನಿನವರು, ಮೂರನೆಯವರು ಅಲ್ಲೇ ಬಲೆ ಬೀಸುವವರು. ಒಬ್ಬೊಬ್ಬರಾಗಿ ಕುರ್ಚಿ ಬಿಟ್ಟೇಳುತ್ತಾರೆ. ಉಳಿದವರು ತೀರ್ಮಾನ ಮಾಡಿದರೂ ಊರಿನವರಿಗೆ ನಂಬಿಕೆ ಬರುವುದು ಕಷ್ಟ.

ಗಡಿ ಅಂದರೆ ಅದೇನೂ ಕಲ್ಲಿನಲ್ಲಿ ಕೆತ್ತಿದ್ದಲ್ಲ. 1837ರ ಕಾನೂನಿನಿಂದ ನಾರ್ವೆಯಲ್ಲಿ ಸ್ಥಳೀಯ ಸ್ವಯಮಾಡಳಿತ ಶುರುವಾಯಿತು. ಮರುವರ್ಷ ಇದ್ದ ಕಮ್ಯೂನ್‌ಗಳು 392. 1930ಕ್ಕೆ 747 ಆದವು. 1967ಕ್ಕೆ 454ಕ್ಕೆ ಇಳಿದವು, 2020ಕ್ಕೆ 356. ಸ್ಯಾಂಡೋಯ್ ಕೂಡ ಔಕ್ರಾ ಎಂಬ ಕಮ್ಯೂನ್‌ನಿಂದ ಒಡೆದು ಹುಟ್ಟಿದ್ದೇ. 1965ರವರೆಗೆ ಹಾರೋಯಾ ದ್ವೀಪದ ನಡುವೆಯೇ ಗಡಿ ಹಾದುಹೋಗಿತ್ತು. ಒಂದೇ ದ್ವೀಪದ ಉತ್ತರದವರು ಸ್ಯಾಂಡೋಯ್‌ಗೆ, ದಕ್ಷಿಣದವರು ಹಾರಾಮ್‌ಗೆ. ಅದನ್ನು ಸರಿಮಾಡಿದಾಗ ಜನರ ಊರು ಕಳೆದುಹೋಗಲಿಲ್ಲ. ಈಗಲೂ ಹೋಗುವುದಿಲ್ಲ.

ರಸ್ತೆಯೂ ಬಂತು. 2022ರಲ್ಲಿ ನೂರ್ಡೋಯ್‌ವೇಗೆನ್, ಅಂದರೆ ಉತ್ತರ ದ್ವೀಪಗಳ ರಸ್ತೆ, ತೆರೆಯಿತು. ಸಮುದ್ರದಡಿಯ ಮೂರು ಸುರಂಗ, ಜೊತೆಗೆ ಸೇತುವೆಗಳು. ಹಾರೋಯಾದಿಂದ ಮುಖ್ಯ ಭೂಮಿಗೆ ಈಗ ಕಾರಿನಲ್ಲೇ ಹೋಗಬಹುದು, ಫೆರ್ರಿಗೆ ಕಾಯಬೇಕಿಲ್ಲ. ಕೆಲಸ, ಆಸ್ಪತ್ರೆ, ಸಂತೆ ಎಲ್ಲ ಓಲೆಸುಂಡ್ ಕಡೆಗೇ ಇರುವಾಗ ಆಡಳಿತವೂ ಅಲ್ಲೇ ಇದ್ದರೆ ತಪ್ಪೇನು?

ವಿರೋಧ: ಸಮುದ್ರವನ್ನು ನೋಡುವವರೇ ತೀರ್ಮಾನಿಸಬೇಕಿತ್ತು

ಓನಾ ದ್ವೀಪವನ್ನು ಒಂದು ಸಲ ಮನಸ್ಸಿನಲ್ಲಿ ತಂದುಕೊಳ್ಳಿ. ಬೋಳು ಬಂಡೆ. ಬಂಡೆಯ ನೆತ್ತಿಯ ಮೇಲೆ ಕೆಂಪು ಬಣ್ಣದ ಎರಕದ ಕಬ್ಬಿಣದ ದೀಪಸ್ತಂಭ. ಅದರ ಕಾಲಬುಡದಲ್ಲಿ, ಗಾಳಿಗೆ ಹೆದರಿ ಒಂದಕ್ಕೊಂದು ಆತುಕೊಂಡ ಹಾಗೆ ಮರದ ಮನೆಗಳು. ಆ ದೀಪ ಮೊದಲು ಹೊತ್ತಿದ್ದು 1867ರಲ್ಲಿ. ಸ್ಯಾಂಡೋಯ್ ಕಮ್ಯೂನ್ ಹುಟ್ಟಿದ ವರ್ಷವೂ ಅದೇ. ದೀಪ ಇವತ್ತಿಗೂ ಉರಿಯುತ್ತಿದೆ, ಕಮ್ಯೂನ್ ಆರಿಹೋಯಿತು. ಇದು ಬರೀ ಕಾಕತಾಳೀಯ ಅಂತ ಗೊತ್ತು. ಆದರೂ ಇದನ್ನು ಬರೆಯುವಾಗ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ನನ್ನ ಮುಖ್ಯ ಮಾತು ಸಮುದ್ರದ್ದು. ನಾರ್ವೆಯಲ್ಲಿ ಕಮ್ಯೂನ್‌ನ ಯೋಜನೆಯ ಅಧಿಕಾರ ದಡಕ್ಕೆ ಮುಗಿಯುವುದಿಲ್ಲ. ಹೊರಗಿನ ದ್ವೀಪಗಳ ತುದಿಗಳನ್ನು ಜೋಡಿಸಿ ಎಳೆದ ಮೂಲರೇಖೆಯಿಂದ ಆಚೆಗೆ ಇನ್ನೂ ಒಂದು ನಾಟಿಕಲ್ ಮೈಲಿವರೆಗೆ ಅದು ಹರಡುತ್ತದೆ. ಎಲ್ಲಿ ಸಾಲ್ಮನ್ ಪಂಜರ ಇಡಬಹುದು, ಎಲ್ಲಿ ಮೀನು ಮೊಟ್ಟೆಯಿಡುವ ಜಾಗ ಬಿಡಬೇಕು, ಎಲ್ಲಿ ದೋಣಿಗೆ ದಾರಿ, ಇದನ್ನೆಲ್ಲ ನಕ್ಷೆಯಲ್ಲಿ ಗುರುತು ಮಾಡುವುದು ಕಮ್ಯೂನ್. ಮೀನು ಸಾಕಣೆಗೆ ಜಾಗ ಕೊಟ್ಟ ಕರಾವಳಿ ಕಮ್ಯೂನ್‌ಗಳಿಗೆ ಸರ್ಕಾರದ ನಿಧಿಯಿಂದ ದುಡ್ಡೂ ಬರುತ್ತದೆ. ಅಂದರೆ ಸ್ಯಾಂಡೋಯ್‌ನ ನೆಲ ಅಂಗೈಯಗಲ ಇದ್ದರೂ ಅದರ ಕೈಯಲ್ಲಿದ್ದ ನೀರು ಅಪಾರ. ಜನ ಎಣಿಸಿ ಅದನ್ನು ಚಿಕ್ಕದು ಅಂದರು. ನೀರನ್ನು ಅಳೆದಿದ್ದರೆ ಹಾಗೆ ಅನ್ನುತ್ತಿರಲಿಲ್ಲ.

ವಿಲೀನವಾದಾಗ ಹೊಸ ಓಲೆಸುಂಡ್‌ನಲ್ಲಿ ಸುಮಾರು 66,000 ಜನ. ಅದರಲ್ಲಿ ಸ್ಯಾಂಡೋಯ್‌ನವರು ನೂರಕ್ಕೆ ಇಬ್ಬರೂ ಇಲ್ಲ. ಓನಾದ ಸುತ್ತಲಿನ ಯಾವ ಬಂಡೆಯ ಹಿಂದೆ ಚಂಡಮಾರುತದಲ್ಲಿ ದೋಣಿ ನಿಲ್ಲಿಸಬಹುದು ಅನ್ನೋದು ಬಲ್ಲವರು ಈಗ ಆ ಸಭೆಯಲ್ಲಿ ಒಬ್ಬರಿದ್ದರೆ ಪುಣ್ಯ. ಓಲೆಸುಂಡ್‌ನವರು ಕೆಟ್ಟವರು ಅಂತ ನಾನು ಹೇಳುತ್ತಿಲ್ಲ. ಅವರಿಗೆ ಅವರದ್ದೇ ಟ್ರಾಫಿಕ್ಕು, ಶಾಲೆ, ಸಾಲ ಇವೆ. ದೂರದ ಬಂಡೆಯ ವಿಷಯ ಅಜೆಂಡಾದ ಕೊನೆಗೆ ಬೀಳುವುದು ಸಹಜ.

ನೆಂಟಸ್ತಿಕೆಯ ತೊಂದರೆ ನಿಜ, ಒಪ್ಪುತ್ತೇನೆ. ಮಕ್ಕಳ ರಕ್ಷಣೆಯ ಮಾತಂತೂ ನೂರಕ್ಕೆ ನೂರು ಸರಿ. ಆದರೆ ಅದಕ್ಕೆ ಮದ್ದು ಮೊದಲೇ ಇತ್ತು. ಅಕ್ಕಪಕ್ಕದ ಕಮ್ಯೂನ್‌ಗಳು ಕೂಡಿ ಒಂದು ಕಚೇರಿ ನಡೆಸಬಹುದು. ನಾರ್ವೆಯಲ್ಲಿ ಇದು ಮಾಮೂಲಿ. ಒಂದು ಸೇವೆ ಹಂಚಿಕೊಳ್ಳುವುದಕ್ಕೆ ಇಡೀ ಕಮ್ಯೂನ್ ಬಿಟ್ಟುಕೊಡಬೇಕಿರಲಿಲ್ಲ.

ಚಿಕ್ಕ ಊರಿನಿಂದ ದೊಡ್ಡದೇನೂ ಆಗದು ಅನ್ನುವವರು ಉಟ್ಸಿರಾ ಕಡೆ ನೋಡಲಿ. 1925ರ ಚುನಾವಣೆಯಲ್ಲಿ ಆ ಪುಟ್ಟ ದ್ವೀಪದ 12 ಸ್ಥಾನಗಳಲ್ಲಿ 11 ಹೆಂಗಸರ ಪಾಲಾದವು. ಮರುವರ್ಷ ಓಸಾ ಹೆಲ್ಗೆಸೆನ್ ಎಂಬ ಸೂಲಗಿತ್ತಿ ಅಲ್ಲಿ ಮೇಯರ್ ಆದರು. ಇಡೀ ನಾರ್ವೆಯ ಮೊದಲ ಮಹಿಳಾ ಮೇಯರ್. ಆ ಹೆಸರು ದೊಡ್ಡ ಪೇಟೆಯಿಂದ ಬರಲಿಲ್ಲ. ಉಟ್ಸಿರಾ ಇವತ್ತಿಗೂ ಸ್ವಂತ ಕಮ್ಯೂನ್.

ಭಾಷೆಯ ವಿಷಯ ಕನ್ನಡಿಗರಿಗೆ ಬೇಗ ಅರ್ಥವಾಗುತ್ತದೆ. ನಾರ್ವೇಜಿಯನ್ ಬರವಣಿಗೆಗೆ ಎರಡು ರೂಪ. ಒಂದು ಡ್ಯಾನಿಶ್ ಪ್ರಭಾವದ ಬೂಕ್‌ಮೋಲ್, ಇನ್ನೊಂದು ಹಳ್ಳಿಗಳ ಆಡುನುಡಿಯಿಂದ ಕಟ್ಟಿದ ನ್ಯೂನೋರ್ಸ್ಕ್. ಎರಡನೆಯದನ್ನು ಕಟ್ಟಿದ ಈವಾರ್ ಓಸೆನ್ ಇದೇ ಸೀಮೆಯ ಓರ್ಸ್ತಾದವರು. ಸ್ಯಾಂಡೋಯ್‌ನ ಆಡಳಿತ ಭಾಷೆ ನ್ಯೂನೋರ್ಸ್ಕ್ ಆಗಿತ್ತು. ಹೊಸ ಓಲೆಸುಂಡ್ ಎರಡರಲ್ಲಿ ಯಾವುದನ್ನೂ ಆರಿಸದೆ ತಟಸ್ಥವಾಗಿ ಉಳಿಯಿತು. ತಟಸ್ಥ ಅಂದಾಗ ಜಾಸ್ತಿ ಜನರ ನುಡಿಯೇ ಗೆಲ್ಲುತ್ತದೆ, ಅದನ್ನು ನಮಗೆ ಬೇರೆ ಯಾರೂ ಹೇಳಿಕೊಡಬೇಕಿಲ್ಲ.

ಒಂದಾದರೆ ದುಡ್ಡಿಗೆ ಅನುಕೂಲ ಅನ್ನುವವರೂ ಲೆಕ್ಕದ ಅರ್ಧವನ್ನಷ್ಟೇ ಹೇಳುತ್ತಾರೆ. ಒಂದಾದ ಕಮ್ಯೂನ್‌ಗಳಿಗೆ ಹಳೆಯ ಅನುದಾನ 15 ವರ್ಷ ಪೂರ್ತಿ ಸಿಗುತ್ತದೆ. ಆಮೇಲೆ 5 ವರ್ಷದಲ್ಲಿ ಇಳಿದು ನಿಲ್ಲುತ್ತದೆ. ಆಗ ಮೊದಲು ಯಾವ ಶಾಲೆ ಮುಚ್ಚುತ್ತಾರೆ? ಪೇಟೆಯದ್ದಂತೂ ಅಲ್ಲ.

ಇನ್ನು ಆ ರಸ್ತೆ. ಅದು ಹಾರಾಮ್‌ನ ಲೆಪ್ಸೋಯಾ, ಹಾರಾಮ್ಸೋಯಾ ದ್ವೀಪಗಳ ಮೇಲೆ ಹಾದು ಹಾರಾಮ್‌ನ ದಡಕ್ಕೇ ಮುಟ್ಟುತ್ತದೆ. ಹಾರಾಮ್ ಜನ ಈ ವಿಲೀನ ಬೇಡವೆಂದು ಹೋರಾಡಿದರು. 2024ರ ಜನವರಿ 1ಕ್ಕೆ ಮತ್ತೆ ಸ್ವಂತ ಕಮ್ಯೂನ್ ಆದರು. ಹಾರಾಮ್‌ನಲ್ಲಿ ಒಂಬತ್ತು ಸಾವಿರಕ್ಕೂ ಜಾಸ್ತಿ ಜನ, ಅವರ ಕೂಗು ಕೇಳಿಸಿತು. ಈಗ ಹಾರೋಯಾದವರು ತಮ್ಮದೇ ಕಮ್ಯೂನ್‌ನ ಕೇಂದ್ರಕ್ಕೆ ಹೋಗಲು ಬೇರೆಯವರ ಕಮ್ಯೂನ್ ದಾಟಬೇಕು. ಓನಾ ಮತ್ತು ಸ್ಯಾಂಡೋಯಾದವರಿಗೆ ಅದಕ್ಕೂ ಮೊದಲು ಫೆರ್ರಿ. ವಿಲೀನಕ್ಕೆ ಕೊಟ್ಟ ಕಾರಣ ಹತ್ತಿರವಾಗುವುದು ಅಂತಿದ್ದರೆ, ಆ ಕಾರಣ 2024ರಲ್ಲೇ ಬಿದ್ದುಹೋಯಿತು.

ಸ್ಯಾಂಡೋಯ್ ಮತ್ತೆ ಕಮ್ಯೂನ್ ಆಗುವುದು ಕಷ್ಟ, ಗೊತ್ತು. ಆದರೆ ಒಂದು ಕಮ್ಯೂನ್‌ನ ಒಳಗೇ ಒಂದು ಭಾಗಕ್ಕೆ ಪ್ರತ್ಯೇಕ ಸಮಿತಿ ಮಾಡಲು ನಾರ್ವೆಯ ಕಾನೂನು ಅವಕಾಶ ಕೊಡುತ್ತದೆ. ಸಲಹೆ ಕೊಡುವುದಕ್ಕಷ್ಟೇ ಅಲ್ಲ, ತೀರ್ಮಾನ ಮಾಡುವ ಅಧಿಕಾರವನ್ನೂ ಕೊಡಬಹುದು. ಈ ದ್ವೀಪಗಳಿಗೆ ಅಂಥದ್ದೊಂದು ಬೇಕು. ಅದರ ಮೊದಲ ಸಭೆ ಸ್ಟೈನ್ಸ್‌ಹಾಮ್ನ್‌ನಲ್ಲೇ ನಡೆಯಲಿ, ಮೇಜಿನ ಮೇಲೆ ಓನಾ ಸುತ್ತಲಿನ ಸಮುದ್ರದ ನಕ್ಷೆ ಹಾಸಿರಲಿ.