ಅರೆಸ್ಟ್ ದಾಖಲೆ: ಕೌಂಟಿಯಲ್ಲೇ ಕೇಳಿ, ಕೋರ್ಟಿನವರೆಗೂ ಓದಿ

ಅಮೆರಿಕದಲ್ಲಿರುವ ನಮ್ಮವರ ವಾಟ್ಸಾಪ್ ಗುಂಪುಗಳಲ್ಲಿ ಆಗಾಗ ಒಂದು ಫೋಟೋ ಓಡಾಡುತ್ತದೆ. ಬೂದು ಗೋಡೆ, ಕೆದರಿದ ಕೂದಲು, ನಿದ್ದೆಗೆಟ್ಟ ಕಣ್ಣು. ಕೆಳಗೆ ಹೆಸರು, ಊರು, ಒಂದು ಸೆಕ್ಷನ್ ನಂಬರು. "ಇವರು ನಮ್ಮ ಕಡೆಯವರೇ ಅಲ್ವಾ? ಯುಗಾದಿ ಕಾರ್ಯಕ್ರಮದಲ್ಲಿ ನೋಡಿದ ಹಾಗಿದೆ" ಅಂತ ಯಾರೋ ಹಾಕುತ್ತಾರೆ. ಸಂಜೆಯೊಳಗೆ ಅದು ಮೈಸೂರಿನಲ್ಲೋ ಶಿವಮೊಗ್ಗದಲ್ಲೋ ಇರುವ ಅಪ್ಪ ಅಮ್ಮನ ಫೋನಿಗೂ ತಲುಪಿರುತ್ತದೆ. ಆರು ತಿಂಗಳು ಕಳೆದ ಮೇಲೆ ಆ ಕೇಸು ಏನಾಯಿತು ಅಂತ ಮಾತ್ರ ಯಾರೂ ಹಾಕುವುದಿಲ್ಲ.

ಇದನ್ನು ನೋಡಿದಾಗಲೆಲ್ಲ ನನಗೆ ಸಿಟ್ಟು ಬರುತ್ತದೆ. ಹಾಗಂತ ಈ ದಾಖಲೆಗಳನ್ನು ಮುಚ್ಚಿಡಬೇಕು ಅಂತ ನಾನು ಹೇಳುತ್ತಿಲ್ಲ. ಪೊಲೀಸರು ಯಾರನ್ನು ಹಿಡಿದರು, ಯಾವಾಗ ಹಿಡಿದರು, ಯಾಕೆ, ಈಗ ಎಲ್ಲಿಟ್ಟಿದ್ದಾರೆ ಅನ್ನುವುದು ಊರಿಗೆ ಗೊತ್ತಿರಲೇಬೇಕು. ಗುಟ್ಟಾಗಿ ಹಿಡಿದು ಗುಟ್ಟಾಗಿ ಕೂಡಿಹಾಕುವ ಅಧಿಕಾರ ಯಾವ ಸರ್ಕಾರಕ್ಕೂ ಇರಬಾರದು. ಪೊಲೀಸರ ಮೇಲೆ ಜನ ಕಣ್ಣಿಡಲಿ ಅಂತಲೇ ಅಮೆರಿಕದಲ್ಲಿ ಅರೆಸ್ಟ್ ದಾಖಲೆಗಳು ತೆರೆದಿವೆ. ಅದನ್ನು ಪಕ್ಕದ ಮನೆಯವರ ಮಾನ ಹರಾಜು ಹಾಕಲು ಬಳಸುವುದು ತಪ್ಪು. ಆದರೆ ನಿಜವಾಗಿ ಬೇಕಾದಾಗ, ಅಂದರೆ ತಮ್ಮನೇ ಫೋನ್ ಎತ್ತದೆ ಇದ್ದಾಗ ಅಥವಾ ಸಿಟಿಜನ್‌ಶಿಪ್ ಅರ್ಜಿ ತುಂಬುವಾಗ, ಎಲ್ಲಿ ಕೇಳಬೇಕು ಅಂತ ನಮ್ಮಲ್ಲಿ ತುಂಬಾ ಜನಕ್ಕೆ ಗೊತ್ತಿಲ್ಲ. ಗೂಗಲ್ ಮಾಡಿ, ಮೊದಲು ಕಂಡ ಸೈಟಿಗೆ ಕಾರ್ಡ್ ನಂಬರು ಕೊಟ್ಟುಬಿಡುತ್ತಾರೆ. ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ. ನಾನು ವಕೀಲರ ಪೈಕಿ ಅಲ್ಲ. ನನಗೆ ಕ್ಯಾಲಿಫೋರ್ನಿಯಾ ಚೆನ್ನಾಗಿ ಗೊತ್ತು, ಹಾಗಾಗಿ ಉದಾಹರಣೆಗಳು ಹೆಚ್ಚಾಗಿ ಅಲ್ಲಿನವೇ.

ಮೊದಲು ತಿಳಿಯಬೇಕಾದದ್ದು: ಎಲ್ಲವೂ ಒಂದೇ ಕಚೇರಿಯಲ್ಲಿ ಸಿಗುವುದಿಲ್ಲ. ಕೌಂಟಿ ಅಂದರೆ ಹೆಚ್ಚುಕಡಿಮೆ ನಮ್ಮ ಜಿಲ್ಲೆಯ ಹಾಗೆ, ಅಮೆರಿಕದಲ್ಲಿ ಅಂಥವು 3,100ಕ್ಕೂ ಹೆಚ್ಚಿವೆ. ಎಲ್ಲ ಕೌಂಟಿಗಳ ಅರೆಸ್ಟ್‌ಗಳನ್ನೂ ಸೇರಿಸಿ ಸಾರ್ವಜನಿಕರಿಗೆ ತೋರಿಸುವ ಒಂದು ಸರ್ಕಾರಿ ಪಟ್ಟಿ ಇಲ್ಲ. ಸನಿವೇಲ್‌ನಲ್ಲಿ ಒಬ್ಬರನ್ನು ರಾತ್ರಿ ಹಿಡಿದರು ಅಂತಿಟ್ಟುಕೊಳ್ಳಿ. ಹಿಡಿದವರು ಆ ನಗರದ ಪಬ್ಲಿಕ್ ಸೇಫ್ಟಿ ಇಲಾಖೆಯವರು, ಆದ್ದರಿಂದ ರಿಪೋರ್ಟ್ ಅವರ ಬಳಿ. ಕರೆದುಕೊಂಡು ಹೋಗಿದ್ದು ಸಾಂಟಾ ಕ್ಲಾರಾ ಕೌಂಟಿ ಜೈಲಿಗೆ, ಹಾಗಾಗಿ ಬುಕಿಂಗ್ ದಾಖಲೆ, ಅಂದರೆ ಜೈಲಿಗೆ ಸೇರಿಸುವಾಗ ಬರೆದುಕೊಳ್ಳುವ ವಿವರ, ಕೌಂಟಿಯ ಪೊಲೀಸ್ ಮುಖ್ಯಸ್ಥರಾದ ಶೆರಿಫ್ ಬಳಿ. ಕೇಸು ಹಾಕಬೇಕೋ ಬೇಡವೋ ಅಂತ ತೀರ್ಮಾನಿಸುವವರು ಕೌಂಟಿಯ ಸರ್ಕಾರಿ ವಕೀಲರಾದ ಡಿಸ್ಟ್ರಿಕ್ಟ್ ಅಟಾರ್ನಿ. ಹಾಕಿದರೆ ಫೈಲು ಹೋಗುವುದು ಸುಪೀರಿಯರ್ ಕೋರ್ಟಿನ ಕ್ಲರ್ಕ್ ಹತ್ತಿರ, ಸ್ಯಾನ್ ಹೋಸೆಯ ಹೆಡ್ಡಿಂಗ್ ಸ್ಟ್ರೀಟ್‌ನಲ್ಲಿರುವ ಹಾಲ್ ಆಫ್ ಜಸ್ಟಿಸ್‌ಗೆ. ಒಂದು ರಾತ್ರಿಯ ಘಟನೆಗೆ ನಾಲ್ಕು ಕಡೆ ನಾಲ್ಕು ಕಾಗದ. ಹೆದ್ದಾರಿಯಲ್ಲಿ ಹಿಡಿದಿದ್ದರೆ ರಿಪೋರ್ಟ್ ಹೈವೇ ಪ್ಯಾಟ್ರೋಲ್ ಪೊಲೀಸರದು. ನಗರದ ಗಡಿಯ ಹೊರಗಾದರೆ ಸಾಮಾನ್ಯವಾಗಿ ಶೆರಿಫ್‌ದೇ. ಆದ್ದರಿಂದ "ಯಾರು ಹಿಡಿದರು, ಎಲ್ಲಿ ಹಿಡಿದರು" ಅನ್ನುವುದನ್ನು ಮೊದಲು ಗುರುತು ಹಾಕಿಕೊಳ್ಳಿ. ಅರ್ಧ ಕೆಲಸ ಅಲ್ಲೇ ಮುಗಿಯುತ್ತದೆ.

ಈಗ ಜೈಲಿನಲ್ಲಿದ್ದಾರಾ ಅಂತ ನೋಡುವುದು ಸುಲಭ. ದೊಡ್ಡ ಕೌಂಟಿಗಳ ಶೆರಿಫ್ ಸೈಟಿನಲ್ಲಿ ಕೈದಿಗಳನ್ನು ಹುಡುಕುವ ಪುಟ ಇರುತ್ತದೆ. ದುಡ್ಡು ಕೊಡಬೇಕಿಲ್ಲ. ನಮ್ಮವರಿಗೆ ಎಡವಟ್ಟಾಗುವುದು ಹೆಸರಿನಲ್ಲಿ. ನಮ್ಮ ಇನಿಶಿಯಲ್ಸ್ ಪಾಸ್‌ಪೋರ್ಟ್‌ನಲ್ಲಿ ಬಿಡಿಸಿಕೊಂಡು ಊರಿನ ಹೆಸರು, ಅಪ್ಪನ ಹೆಸರು ಎಲ್ಲ ಸೇರಿಬಿಟ್ಟಿರುತ್ತವೆ. ಕೆಲವರಿಗೆ ಸರ್‌ನೇಮ್ ಜಾಗ ಖಾಲಿ. ಅಂಥವರ ವೀಸಾದಲ್ಲಿ, ಲೈಸೆನ್ಸ್‌ನಲ್ಲಿ ಮೊದಲ ಹೆಸರಿನ ಜಾಗಕ್ಕೆ ಎಫ್‌ಎನ್‌ಯು (ಮೊದಲ ಹೆಸರು ಗೊತ್ತಿಲ್ಲ) ಅಂತ ಬಂದು, ಇರುವ ಒಂದೇ ಹೆಸರು ಕೊನೆಯ ಹೆಸರಾಗಿರುತ್ತದೆ. ಆದ್ದರಿಂದ ಹೆಸರನ್ನು ಹಿಂದುಮುಂದು ಮಾಡಿ ಹುಡುಕಿ. ಅಪ್ಪನ ಹೆಸರಿನಲ್ಲಿ ಹುಡುಕಿ, ಊರಿನ ಹೆಸರಿನಲ್ಲೂ ಹುಡುಕಿ. ಸಿಗಲಿಲ್ಲವಾ? ಜೈಲಿಗೆ ಫೋನ್ ಮಾಡಿ ಹುಟ್ಟಿದ ದಿನ ಹೇಳಿ ಕೇಳಿ. ಹಲವು ರಾಜ್ಯಗಳ ಜೈಲುಗಳನ್ನು ಒಟ್ಟಿಗೆ ತೋರಿಸುವ ವೈನ್‌ಲಿಂಕ್ ಅನ್ನುವ ಉಚಿತ ಸೇವೆಯೂ ಇದೆ. ಬಿಡುಗಡೆಯಾದಾಗ ಅದು ಮೆಸೇಜ್ ಕಳಿಸುತ್ತದೆ, ಪೆಟ್ಟು ತಿಂದವರಿಗೆ ಇದು ತುಂಬಾ ಮುಖ್ಯ. ಇಮಿಗ್ರೇಷನ್‌ನವರು ಹಿಡಿದಿದ್ದರೆ ಐಸ್ ಇಲಾಖೆಯ ಹುಡುಕುವ ಪುಟ (ಲೊಕೇಟರ್) ಬೇರೆ. ಫೆಡರಲ್, ಅಂದರೆ ಕೇಂದ್ರ ಸರ್ಕಾರದ ಕೇಸುಗಳ ಕಾಗದ ಪೇಸರ್ ಅನ್ನುವ ಫೆಡರಲ್ ಕೋರ್ಟುಗಳ ಸೈಟಿನಲ್ಲಿ ಸಿಗುತ್ತದೆ, ಕೌಂಟಿ ಕೇಸುಗಳು ಅಲ್ಲಿ ಇರುವುದಿಲ್ಲ.

ಆ ಜೈಲು ಪುಟವನ್ನು ಓದುವುದು ಹೇಗೆ ಅಂತ ಸ್ವಲ್ಪ ನಿಧಾನವಾಗಿ ನೋಡೋಣ, ಏಕೆಂದರೆ ವಾಟ್ಸಾಪ್‌ಗೆ ಬರುವ ಸ್ಕ್ರೀನ್‌ಶಾಟ್ ಹೆಚ್ಚಾಗಿ ಇಂಥದ್ದೇ. ಹೆಸರು, ಬುಕಿಂಗ್ ನಂಬರು, ಒಳಗೆ ಬಂದ ಹೊತ್ತು. ಕೆಳಗೆ "ಪಿಸಿ 273.5(ಎ)", ಪಕ್ಕದಲ್ಲಿ "ಎಫ್". ಆಮೇಲೆ ಬೇಲ್ ಮೊತ್ತ, ಮುಂದಿನ ಕೋರ್ಟ್ ದಿನ. ಪಿಸಿ ಅಂದರೆ ಕ್ಯಾಲಿಫೋರ್ನಿಯಾದ ಪೀನಲ್ ಕೋಡ್. 273.5 ಅಂದರೆ ಸಂಗಾತಿಗೆ ಗಾಯ ಮಾಡಿದ ಆರೋಪ. ಎಫ್ ಅಂದರೆ ಫೆಲನಿ, ದೊಡ್ಡ ಅಪರಾಧ. ಎಂ ಅಂತಿದ್ದರೆ ಮಿಸ್‌ಡಿಮೀನರ್, ಚಿಕ್ಕದು. "ವಿಸಿ 23152" (ವಿಸಿ ಅಂದರೆ ವೆಹಿಕಲ್ ಕೋಡ್) ಅಂತಿದ್ದರೆ ಕುಡಿದು ಗಾಡಿ ಓಡಿಸಿದ ಆರೋಪ.

ಆದರೆ ಆ "ಎಫ್" ಹಾಕಿದವರು ಯಾರು? ಹಿಡಿದ ಪೊಲೀಸರು, ಅದೂ ಆ ರಾತ್ರಿಯೇ. ಯಾವ ಜಡ್ಜೂ ಅದನ್ನು ನೋಡಿಲ್ಲ. ಡಿಸ್ಟ್ರಿಕ್ಟ್ ಅಟಾರ್ನಿ ಕೂಡ ನೋಡಿರುವುದಿಲ್ಲ. ಒಳಗೇ ಇಟ್ಟುಕೊಂಡಿದ್ದರೆ 48 ಗಂಟೆಯೊಳಗೆ ಜಡ್ಜ್ ಮುಂದೆ ನಿಲ್ಲಿಸಬೇಕು, ಭಾನುವಾರ ಮತ್ತು ರಜೆ ಲೆಕ್ಕಕ್ಕಿಲ್ಲ. ಅಷ್ಟರಲ್ಲಿ ಡಿಸ್ಟ್ರಿಕ್ಟ್ ಅಟಾರ್ನಿ ಅದೇ ಸೆಕ್ಷನ್ನನ್ನು ಮಿಸ್‌ಡಿಮೀನರ್ ಮಾಡಬಹುದು, ಬೇರೆ ಸೆಕ್ಷನ್ ಹಾಕಬಹುದು, ಕೇಸೇ ಹಾಕದೆ ಬಿಡಬಹುದು. ಸಾಕಷ್ಟು ಆಧಾರ ಇಲ್ಲ ಅಂತ ಪೊಲೀಸರೇ ಬಿಟ್ಟು ಕಳಿಸಿದರೆ, ಕ್ಯಾಲಿಫೋರ್ನಿಯಾ ಕಾನೂನಿನ ಪ್ರಕಾರ ಅದು ಅರೆಸ್ಟೇ ಅಲ್ಲ, ಬರೀ ತಡೆದಿಟ್ಟದ್ದು ಅಂತ ಲೆಕ್ಕ. ಅದಕ್ಕೊಂದು ಸರ್ಟಿಫಿಕೇಟ್ ಕೂಡ ಕೊಡಬೇಕು. ಇದ್ಯಾವುದೂ ಆ ಸ್ಕ್ರೀನ್‌ಶಾಟ್‌ನಲ್ಲಿ ಇರುವುದಿಲ್ಲ.

ಇನ್ನು ಫೋಟೋ. ಹಿಂಸೆಯಲ್ಲದ ಅಪರಾಧಗಳಲ್ಲಿ ಹಿಡಿದವರ ಬುಕಿಂಗ್ ಫೋಟೋವನ್ನು ಪೊಲೀಸರು ಸೋಷಿಯಲ್ ಮೀಡಿಯಾದಲ್ಲಿ ಹಾಕುವ ಹಾಗಿಲ್ಲ ಅಂತ ಕ್ಯಾಲಿಫೋರ್ನಿಯಾದಲ್ಲಿ 2022ರಿಂದ ಕಾನೂನಿದೆ. ಕೆಲವೇ ವಿನಾಯಿತಿಗಳಿವೆ, ಆರೋಪಿ ತಲೆಮರೆಸಿಕೊಂಡು ಜನರಿಗೆ ಅಪಾಯ ಇರುವಂಥದ್ದು. ಪೊಲೀಸರೇ ಹಾಕಬಾರದ ಫೋಟೋವನ್ನು ಹಬ್ಬದೂಟಕ್ಕೆ ಜೊತೆಯಲ್ಲಿ ಕೂರುವ ನಾವು ಹಂಚುತ್ತೇವೆ ಅಂದರೆ ಏನು ಹೇಳಬೇಕು?

ಹಳೆಯ ಅರೆಸ್ಟ್‌ನ ಮಾಹಿತಿ ಬೇಕಾದರೆ ಬರೆದು ಕೇಳಬೇಕು. ನಮ್ಮ ಆರ್‌ಟಿಐ ಅಭ್ಯಾಸ ಇರುವವರು ಇಲ್ಲಿ ದಾರಿ ತಪ್ಪುತ್ತಾರೆ. 2005ರ ಆರ್‌ಟಿಐ ಪಂಚಾಯ್ತಿಯಿಂದ ದೆಹಲಿಯವರೆಗೆ ಒಂದೇ ಕಾಯ್ದೆ. ಅಮೆರಿಕದ ಮಾಹಿತಿ ಹಕ್ಕು ಕಾಯ್ದೆ ಫೋಯಾ, 1966ರದ್ದು, ಫೆಡರಲ್ ಇಲಾಖೆಗಳಿಗೆ ಮಾತ್ರ. ಕೌಂಟಿ ಶೆರಿಫ್‌ಗೆ ಆ ಕಾಯ್ದೆಯ ಹೆಸರು ಹಾಕಿ ಬರೆದರೆ ಪ್ರಯೋಜನ ಇಲ್ಲ. ಪ್ರತಿ ರಾಜ್ಯಕ್ಕೂ ಬೇರೆ ಕಾಯ್ದೆ. ಕ್ಯಾಲಿಫೋರ್ನಿಯಾದಲ್ಲಿ ಪಬ್ಲಿಕ್ ರೆಕಾರ್ಡ್ಸ್ ಆಕ್ಟ್. ದಾಖಲೆ ಕೊಡುತ್ತೇವೋ ಇಲ್ಲವೋ ಅಂತ 10 ದಿನದಲ್ಲಿ ಉತ್ತರ ಕೊಡಬೇಕು, ಬೇಕಾದರೆ ಇನ್ನೂ 14 ದಿನ ತೆಗೆದುಕೊಳ್ಳಬಹುದು. ಇಲಿನಾಯ್‌ನಲ್ಲಿ 5 ಕೆಲಸದ ದಿನ. ಫ್ಲೋರಿಡಾದಲ್ಲಿ ಕೇಳುವವರು ಸಾಮಾನ್ಯವಾಗಿ ತಮ್ಮ ಹೆಸರೂ ಹೇಳಬೇಕಿಲ್ಲ. ವರ್ಜೀನಿಯಾದ ಕಾಯ್ದೆಯಾದರೋ ಮುಖ್ಯವಾಗಿ ತನ್ನ ರಾಜ್ಯದವರಿಗೇ ಈ ಹಕ್ಕು ಕೊಡುತ್ತದೆ, 2013ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಅದನ್ನು ಒಪ್ಪಿದೆ.

ಕ್ಯಾಲಿಫೋರ್ನಿಯಾದ ಕಾಯ್ದೆ ಹಿಡಿದವರ ಬಗ್ಗೆ ಏನೇನು ಕೊಡಬೇಕು ಅಂತ ಬಿಡಿಸಿ ಹೇಳುತ್ತದೆ: ಪೂರ್ತಿ ಹೆಸರು, ಉದ್ಯೋಗ, ಚಹರೆ, ಹುಟ್ಟಿದ ದಿನ, ಅರೆಸ್ಟ್ ಆದ ಜಾಗ ಮತ್ತು ಹೊತ್ತು, ಬುಕಿಂಗ್ ಹೊತ್ತು, ಯಾವ ಸಂದರ್ಭದಲ್ಲಿ ಹಿಡಿದರು, ಬೇಲ್ ಎಷ್ಟು, ಹೇಗೆ ಬಿಟ್ಟರು, ಆರೋಪಗಳೇನು. ಪೂರ್ತಿ ತನಿಖಾ ರಿಪೋರ್ಟ್ ಮಾತ್ರ ಸಾಮಾನ್ಯವಾಗಿ ಕೊಡುವುದಿಲ್ಲ, ಆ ಹಕ್ಕು ಅವರಿಗಿದೆ. ಹಾಗಾಗಿ "ಇವರ ಮೇಲಿರುವುದನ್ನೆಲ್ಲ ಕೊಡಿ" ಅಂತ ಬರೆಯಬೇಡಿ. ಹೆಸರು, ಹುಟ್ಟಿದ ದಿನ, ತಾರೀಖು, ಜಾಗ, ಗೊತ್ತಿದ್ದರೆ ಕೇಸ್ ನಂಬರು ಹಾಕಿ, ಮೇಲೆ ಹೇಳಿದ ಅಂಶಗಳನ್ನೇ ಹೆಸರಿಸಿ ಕೇಳಿ. ತುಂಬಾ ಕೌಂಟಿಗಳಲ್ಲಿ ಆನ್‌ಲೈನ್ ಪೋರ್ಟಲ್ ಇದೆ. ಇಲ್ಲದಿದ್ದರೆ ಶೆರಿಫ್ ಕಚೇರಿಯ ರೆಕಾರ್ಡ್ಸ್ ವಿಭಾಗಕ್ಕೆ ಇಮೇಲ್ ಸಾಕು. ಯಾಕೆ ಬೇಕು ಅಂತ ಸಾಮಾನ್ಯವಾಗಿ ಹೇಳಬೇಕಿಲ್ಲ. ಕೊಡಲ್ಲ ಅಂದರೆ ಯಾವ ಕಲಮಿನ ಪ್ರಕಾರ ಕೊಡಲ್ಲ ಅಂತ ಬರೆದು ಕೊಡಿ ಅಂತ ಕೇಳಿ.

ಒಂದು ವಿಷಯವನ್ನು ಇಲ್ಲಿ ದೊಡ್ಡ ದನಿಯಲ್ಲಿ ಹೇಳಬೇಕು. ಗಂಡನಿಂದ ಏಟು ತಿಂದು ಪೊಲೀಸರನ್ನು ಕರೆದ ಹೆಣ್ಣುಮಕ್ಕಳು ನಮ್ಮ ನಡುವೆ ಇದ್ದಾರೆ. ಗಂಡನ ವೀಸಾ ಮೇಲೆ ಬಂದವರು, ಕೈಯಲ್ಲಿ ಸ್ವಂತ ಬ್ಯಾಂಕ್ ಖಾತೆಯೂ ಇಲ್ಲದವರು. ಆ ರಿಪೋರ್ಟ್ ತಮಗೆ ಸಿಗುವುದಿಲ್ಲ ಅಂತ ಅವರು ತಿಳಿದಿರುತ್ತಾರೆ. ಸಿಗುತ್ತದೆ ಅಕ್ಕ, ಅದು ನಿಮ್ಮ ಹಕ್ಕು. ಕ್ಯಾಲಿಫೋರ್ನಿಯಾದ ಫ್ಯಾಮಿಲಿ ಕೋಡ್ 6228ನೇ ಕಲಮಿನ ಪ್ರಕಾರ ಕೌಟುಂಬಿಕ ಹಿಂಸೆಗೆ ಒಳಗಾದವರಿಗೆ ಪೊಲೀಸ್ ರಿಪೋರ್ಟ್‌ನ ಪ್ರತಿಯನ್ನು ಒಂದು ಡಾಲರ್ ಕೂಡ ತೆಗೆದುಕೊಳ್ಳದೆ ಕೊಡಬೇಕು. ಸಾರಾಂಶದ ಮೊದಲ ಹಾಳೆ 48 ಗಂಟೆಯಲ್ಲಿ, ಪೂರ್ತಿ ರಿಪೋರ್ಟ್ 5 ಕೆಲಸದ ದಿನಗಳಲ್ಲಿ, ತಡಕ್ಕೆ ಸರಿಯಾದ ಕಾರಣ ಇದ್ದರೆ 10 ಕೆಲಸದ ದಿನಗಳಲ್ಲಿ. ರಕ್ಷಣಾ ಆದೇಶಕ್ಕೆ, ಇಮಿಗ್ರೇಷನ್ ಅರ್ಜಿಗೆ ಈ ಕಾಗದ ತುಂಬಾ ಬೆಲೆಯುಳ್ಳದ್ದು. ನಿಮ್ಮ ಗುರುತಿನ ಚೀಟಿ ತೆಗೆದುಕೊಂಡು ಹೋಗಿ ಕೇಳಿ. ಇಂಗ್ಲಿಷ್ ಸಲೀಸಾಗಿ ಬರದಿದ್ದರೆ ಜೊತೆಗೆ ಒಬ್ಬರನ್ನು ಕರೆದುಕೊಂಡು ಹೋಗಿ.

ಇನ್ನು ಕೋರ್ಟು. ನನ್ನ ಮಾತಿನ ತಿರುಳು ಇಲ್ಲೇ ಇದೆ. ಕೇಸು ಕೊನೆಗೆ ಏನಾಯಿತು ಅನ್ನುವುದಕ್ಕೆ ಡಿಸ್ಪೊಸಿಷನ್ ಅನ್ನುತ್ತಾರೆ. ಅದು ಶೆರಿಫ್ ಹತ್ತಿರ ಕೇಳುವ ಕಾಗದವಲ್ಲ, ಕೋರ್ಟ್ ಕ್ಲರ್ಕ್ ಹತ್ತಿರ ಕೇಳಬೇಕು. ಕ್ಯಾಲಿಫೋರ್ನಿಯಾದಲ್ಲಿ ಕ್ರಿಮಿನಲ್ ಕೇಸಿನ ಫೈಲನ್ನು ಮನೆಯಿಂದ ತೆರೆದು ನೋಡಲು ಸಾರ್ವಜನಿಕರಿಗೆ ಸಾಮಾನ್ಯವಾಗಿ ಬಿಡುವುದಿಲ್ಲ. ಕೇಸ್ ನಂಬರು, ತಾರೀಖುಗಳಷ್ಟೇ ಆನ್‌ಲೈನ್‌ನಲ್ಲಿ ಕಾಣಬಹುದು. ಕಾಗದಕ್ಕೆ ಕೌಂಟರಿಗೆ ಹೋಗಬೇಕು ಅಥವಾ ಅಂಚೆಯಲ್ಲಿ ಕೇಳಬೇಕು. ಪುಟಕ್ಕೆ 50 ಸೆಂಟ್ಸ್, ಮೊಹರು ಹಾಕಿ ದೃಢೀಕರಿಸಿದ ಪ್ರತಿಗೆ 40 ಡಾಲರ್, ಹುಡುಕಲು 10 ನಿಮಿಷಕ್ಕಿಂತ ಜಾಸ್ತಿ ಹಿಡಿದರೆ 15 ಡಾಲರ್. ರಿವರ್‌ಸೈಡ್ ಕೌಂಟಿ ಕೋರ್ಟಿನ ವಿರುದ್ಧದ 2021ರ ತೀರ್ಪಿನ ನಂತರ, ಹುಟ್ಟಿದ ದಿನ ಅಥವಾ ಲೈಸೆನ್ಸ್ ನಂಬರು ಹಾಕಿ ಕೋರ್ಟಿನ ಆನ್‌ಲೈನ್ ಪಟ್ಟಿಯಲ್ಲಿ ಹುಡುಕುವಂತಿಲ್ಲ. ಜನರ ಗೋಪ್ಯತೆಗೆ ಅದು ಒಳ್ಳೆಯದೇ. ಆದರೆ ಒಂದೇ ಹೆಸರಿನವರು ಹಲವರಿದ್ದಾಗ ಯಾರು ಯಾರು ಅಂತ ಪಟ್ಟಿಯಿಂದ ಗೊತ್ತಾಗುವುದಿಲ್ಲ. ಮಂಜುನಾಥ, ಶ್ರೀನಿವಾಸ ಅಂತ ಹೆಸರಿರುವವರಿಗೆ ಇದರ ಕಷ್ಟ ಬೇಗ ಅರ್ಥವಾಗುತ್ತದೆ.

ಹೆಸರು ಹಾಕಿದರೆ ಸಾಕು, ಎಲ್ಲ ತೋರಿಸುತ್ತೇವೆ ಅನ್ನುವ ಖಾಸಗಿ ಸೈಟುಗಳು ಇಲ್ಲೇ ಮೋಸ ಮಾಡುತ್ತವೆ. ಹಳೆಯ ಬುಕಿಂಗ್ ಮಾಹಿತಿ ಗುಡ್ಡೆ ಹಾಕಿಕೊಂಡು, ಒಂದೇ ಹೆಸರಿನವರನ್ನು ಬೆರೆಸಿ, ಪ್ರತಿ ತಿಂಗಳು ಕಾರ್ಡಿನಿಂದ ದುಡ್ಡು ಎಳೆಯುತ್ತವೆ. ಕೇಸು ವಜಾ ಆದ ಮಾತು ಅಲ್ಲಿಗೆ ತಲುಪಿರುವುದೇ ಅಪರೂಪ. ಬಾಡಿಗೆಗೆ ಕೊಡುವವರೂ ಕೆಲಸಕ್ಕೆ ತೆಗೆದುಕೊಳ್ಳುವವರೂ ಇವನ್ನು ನಂಬಿ ತೀರ್ಮಾನ ಮಾಡುವಂತಿಲ್ಲ. ಅದಕ್ಕೆ 1970ರ ಫೇರ್ ಕ್ರೆಡಿಟ್ ರಿಪೋರ್ಟಿಂಗ್ ಆಕ್ಟ್ ಪಾಲಿಸುವ ಕಂಪನಿಯ ವರದಿಯೇ ಬೇಕು. ನಿಮ್ಮ ವರದಿಯಲ್ಲಿ ಬೇರೆಯವರ ಕೇಸು ಬಂದಿದ್ದರೆ ತಕರಾರು ಹಾಕಿ, ಅವರು ಸಾಮಾನ್ಯವಾಗಿ 30 ದಿನದಲ್ಲಿ ಪರಿಶೀಲಿಸಬೇಕು. ಶಿಕ್ಷೆಯಾಗದೆ ಮುಗಿದ ಅರೆಸ್ಟ್ ಬಗ್ಗೆ ಕ್ಯಾಲಿಫೋರ್ನಿಯಾದ ಕಂಪನಿಗಳು ಕೆಲಸ ಕೇಳಿ ಬಂದವರನ್ನು ಪ್ರಶ್ನಿಸುವಂತೆಯೂ ಇಲ್ಲ. ಬುಕಿಂಗ್ ಫೋಟೋವನ್ನು ತೆಗೆದುಹಾಕಲು ದುಡ್ಡು ಕೊಡಿ ಅಂತ ಯಾವುದಾದರೂ ಸೈಟು ಕೇಳಿದರೆ ಕೊಡಬೇಡಿ, 2015ರಿಂದ ಕ್ಯಾಲಿಫೋರ್ನಿಯಾದಲ್ಲಿ ಅದು ಕಾನೂನುಬಾಹಿರ.

ನಿಮ್ಮದೇ ದಾಖಲೆ ಬೇಕಿದ್ದರೆ ಬೆರಳಚ್ಚು ಕೊಟ್ಟು ತರಿಸಿ. ಎಫ್‌ಬಿಐ 18 ಡಾಲರ್ ತೆಗೆದುಕೊಳ್ಳುತ್ತದೆ, ಕ್ಯಾಲಿಫೋರ್ನಿಯಾದ ನ್ಯಾಯ ಇಲಾಖೆ 25, ಬೆರಳಚ್ಚಿನ ಖರ್ಚು ಬೇರೆ. ಬೆರಳಚ್ಚಿನಿಂದ ಹುಡುಕುವುದರಿಂದ ಹೆಸರಿನ ಗೊಂದಲ ಇರುವುದಿಲ್ಲ. ಕೇಸು ಹಾಕದೆ ಬಿಟ್ಟಿದ್ದರೆ, ವಜಾ ಆಗಿದ್ದರೆ, ಕ್ಯಾಲಿಫೋರ್ನಿಯಾದಲ್ಲಿ 2018ರಿಂದ ಜಾರಿಯಲ್ಲಿರುವ ಕಲಮಿನಡಿ ಆ ಅರೆಸ್ಟ್ ದಾಖಲೆಯನ್ನು ಸೀಲ್ ಮಾಡಿಸಲು, ಅಂದರೆ ಸಾರ್ವಜನಿಕರಿಗೆ ಕಾಣದಂತೆ ಮುಚ್ಚಿಸಲು, ಕೋರ್ಟಿಗೆ ಅರ್ಜಿ ಹಾಕಬಹುದು.

ಆದರೆ ಸೀಲ್ ಮಾಡಿಸುವ ಮೊದಲು ದೃಢೀಕೃತ ಪ್ರತಿಗಳನ್ನು ತೆಗೆದಿಟ್ಟುಕೊಳ್ಳಿ. ಎರಡು ಪ್ರತಿಯಾದರೂ ಇರಲಿ. ಸಿಟಿಜನ್‌ಶಿಪ್‌ನ ಎನ್-400 ಅರ್ಜಿ ನಿಮ್ಮನ್ನು ಯಾವತ್ತಾದರೂ ಹಿಡಿದಿದ್ದಾರಾ ಅಂತ ಕೇಳುತ್ತದೆ. ಸೀಲ್ ಆಗಿದ್ದರೂ ಹೇಳಲೇಬೇಕು. ಕೇಸು ಹಾಕಿರದಿದ್ದರೆ, ಹಾಕಿಲ್ಲ ಅಂತ ಹಿಡಿದ ಇಲಾಖೆ ಅಥವಾ ಕೋರ್ಟು ಕೊಟ್ಟ ಪತ್ರ ಲಗತ್ತಿಸಬೇಕು. ಕುಡಿದು ಓಡಿಸಿದ ಆರೋಪದಲ್ಲಿ ಅರೆಸ್ಟ್ ಆದರೆ ಸಾಕು, ಶಿಕ್ಷೆ ಆಗದಿದ್ದರೂ ವೀಸಾ ರದ್ದಾಗಬಹುದು. 2015ರ ಕೊನೆಯಿಂದ ಅಮೆರಿಕದ ವಿದೇಶಾಂಗ ಇಲಾಖೆ ಹಾಗೆ ಮಾಡುತ್ತಿದೆ. ಆದ್ದರಿಂದ ಊರಿಗೆ ಟಿಕೆಟ್ ಬುಕ್ ಮಾಡುವ ಮುಂಚೆ ಈ ಕಾಗದಗಳನ್ನು ಹಿಡಿದು ಇಮಿಗ್ರೇಷನ್ ವಕೀಲರನ್ನು ನೋಡಿ.

ಯಾರಿಗಾದರೂ ಯಾವ ಕಚೇರಿಗೆ ಬರೆಯಬೇಕು ಅಂತ ತಿಳಿಯದಿದ್ದರೆ ಇನ್‌ಬಾಕ್ಸ್‌ನಲ್ಲಿ ಕೇಳಿ. ಹೆಸರು ಬೇಡ, ಏನಾಯಿತು ಅಂತಲೂ ಹೇಳಬೇಕಿಲ್ಲ. ಯಾವ ರಾಜ್ಯ, ಯಾವ ಕೌಂಟಿ, ಹಿಡಿದವರು ಯಾರು, ಇಷ್ಟು ಬರೆಯಿರಿ.